ಲೆಕ್ಕಕ್ಕೆ ಬಾರದ ಮಳೆ

ಡ್ರ್ಯಾಗನ್ ಅಂದರೆ ಬೆಂಕಿ ಉಗುಳಬೇಕು, ರೆಕ್ಕೆ ಬಡಿಯಬೇಕು ಅಂತ ನಂಬಿದವರು ಗೂಮಿಯನ್ನು ನೋಡಿಲ್ಲ. ಪೋಕೆಮಾನ್ ಎಂಬ ವಿಡಿಯೋ ಆಟದ ಪ್ರಾಣಿಗಳ ಪಟ್ಟಿಯಲ್ಲಿ ಅದರ ಸಂಖ್ಯೆ 704. ಒಂದಡಿ ಎತ್ತರದ, ತಿಳಿ ನೇರಳೆ ಬಣ್ಣದ ಲೋಳೆ. ಡ್ರ್ಯಾಗನ್ ಕುಲದಲ್ಲೇ ಅತಿ ದುರ್ಬಲ, ಮೈ ಒಣಗದ ಹಾಗೆ ತೇವ ಇರುವ ನೆರಳಲ್ಲಿ ಬದುಕುತ್ತದೆ ಅಂತ ಆಟದ ಪ್ರಾಣಿಕೋಶ ಪೋಕೆಡೆಕ್ಸೇ ಮುಲಾಜಿಲ್ಲದೆ ಬರೆದಿದೆ. ಓದಿದ ಕೂಡಲೇ ನನಗೆ ಇದು ನಮ್ಮ ಕಡೆಯದ್ದೇ ಅನ್ನಿಸಿತು. ಜೂನ್ ಬಂತೆಂದರೆ ನಮ್ಮ ಬಚ್ಚಲುಮನೆ ಗೋಡೆಯ ಮೇಲೆ ಇಂಥವು ಕೊಂಬು ಆಡಿಸಿಕೊಂಡು ಓಡಾಡುತ್ತವೆ. ಅವುಗಳನ್ನು ಹಿಡಿಯಲು ಆಟದ ಹಾಗೆ ಚೆಂಡು ಎಸೆಯಬೇಕಿಲ್ಲ, ದೊಡ್ಡಮ್ಮನ ಪೊರಕೆ ಸಾಕು.

ಆದರೆ ಇದೇ ಲೋಳೆ ಬೆಳೆದು ಬೆಳೆದು ಕೊನೆಗೆ ಗೂಡ್ರಾ ಆಗುತ್ತದೆ. ಎರಡು ಮೀಟರ್ ಎತ್ತರ, 150 ಕಿಲೋ ತೂಕ, ದೊಡ್ಡ ದೊಡ್ಡ ಡ್ರ್ಯಾಗನ್‌ಗಳ ಸಾಲಲ್ಲಿ ನಿಲ್ಲುವ ಬಲ. ಪ್ರೀತಿ ಉಕ್ಕಿದರೆ ಯಜಮಾನನನ್ನು ತಬ್ಬಿಕೊಂಡು ಮೈಯೆಲ್ಲ ಅಂಟು ಮಾಡುತ್ತದಂತೆ. ನನಗೆ ಅದು ಬೇಕೇ ಬೇಕಾಯಿತು. ಯಾಕೆ ಅಂತ ಕೇಳಬೇಡಿ. ಬೇರೆಯವರು ಹಳೇ ನಾಣ್ಯ ಕೂಡಿಡುವಾಗ ಯಾರೂ ಕೇಳುವುದಿಲ್ಲ.

ಮೊಬೈಲ್ ಹಿಡಿದು ಹೊರಗೆ ತಿರುಗಾಡಿ ಆಡುವ ಪೋಕೆಮಾನ್ ಗೋ ಆಟದಲ್ಲಿ ಇದರ ಲೆಕ್ಕ ಹೀಗೆ: ಗೂಮಿಗೆ ಆಟದಲ್ಲೇ ಗಳಿಸಿದ 25 ಕ್ಯಾಂಡಿ ತಿನ್ನಿಸಿದರೆ ಅದು ಸ್ಲಿಗೂ ಆಗುತ್ತದೆ. ಸ್ಲಿಗೂಗೆ 100 ಕ್ಯಾಂಡಿ ತಿನ್ನಿಸಿದರೆ ಗೂಡ್ರಾ. ಅಷ್ಟೇ ಅಲ್ಲ, ಕೊನೆಯ ಹೆಜ್ಜೆಗೆ ಮಳೆ ಬರುತ್ತಿರಬೇಕು. ಮೊದಲು ಈ ಪ್ರಾಣಿ ಬಂದದ್ದು 2013ರ ಎಕ್ಸ್ ಮತ್ತು ವೈ ಆಟಗಳಲ್ಲಿ. ಅಲ್ಲಿ 50ನೇ ಲೆವೆಲ್ ದಾಟಿದ ಮೇಲೂ ಮಳೆಗೆ ಕಾಯಬೇಕು; ಜಗಳದ ಮಧ್ಯೆ ಮಂತ್ರ ಹಾಕಿ ಬರಿಸಿದ ಮಳೆ ನಡೆಯುವುದಿಲ್ಲ, ತಾನಾಗಿ ಸುರಿದದ್ದೇ ಆಗಬೇಕು. ಇದನ್ನು ಓದಿ ನಾನು ನಕ್ಕೆ. ಮನೆಯಿಂದಲೇ ಆಫೀಸ್ ಕೆಲಸ ಅಂತ ನಾನು ಬಂದು ಕೂತಿರುವುದು ಭಾಗಮಂಡಲ ರಸ್ತೆಯ ದೊಡ್ಡಪ್ಪನ ತೋಟದಲ್ಲಿ. ಮಳೆಗೆ ಕಷ್ಟ ಪಡುವುದಾದರೆ ಜೈಸಲ್ಮೇರಿನವರು ಪಡಲಿ.

ಮೊದಲು ಕಷ್ಟವಾದದ್ದು ಕ್ಯಾಂಡಿ. ಇಂಥ ಆಟಗಳು ಪೇಟೆಯವರಿಗೆ ಹೇಳಿ ಮಾಡಿಸಿದ್ದು. ಮಡಿಕೇರಿಗೆ ಹೋದ ದಿನ ಪರದೆಯ ತುಂಬ ಪ್ರಾಣಿಗಳು. ತೋಟದಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದು ಪಾರಿವಾಳ ಬಂದರೆ ದೊಡ್ಡದು. ಗೂಮಿಯನ್ನು ಜೊತೆಗಾರನಾಗಿ ಇಟ್ಟುಕೊಂಡು ನಡೆದರೆ ಕ್ಯಾಂಡಿ ಸಿಗುತ್ತದೆ, ಅದೊಂದೇ ದಾರಿ. ನಡೆಯಲು ಶುರು ಮಾಡಿದೆ. ಮೊಬೈಲ್ ಎತ್ತಿ ಹಿಡಿದು ಕಾಫಿ ಗಿಡಗಳ ಮಧ್ಯೆ ತಿರುಗಿದರೆ ಯಾರಿಗೂ ಅನುಮಾನ ಬರುವುದಿಲ್ಲ, ನಮ್ಮೂರಲ್ಲಿ ಟವರ್ ಹುಡುಕುವವರೆಲ್ಲ ಹಾಗೇ ತಿರುಗುವುದು. "ಆ ಸಿಲ್ವರ್ ಮರದ ಹತ್ರ ಎರಡು ಕಡ್ಡಿ ಸಿಗ್ತದೆ ನೋಡಿ" ಅಂತ ಕೆಲಸದವರು ಕನಿಕರದಿಂದ ದಾರಿ ತೋರಿಸಿದರು.

ಜಿಗಣೆಗಳು ಮಾತ್ರ ಕನಿಕರ ತೋರಿಸಲಿಲ್ಲ. ಹಾಗಾಗಿ ಒಂದು ಉಪಾಯ ಮಾಡಿದೆ. ಮೊಬೈಲ್ ಜೇಬಲ್ಲಿದ್ದರೂ ಹೆಜ್ಜೆ ಎಣಿಸುವ ಸೌಲಭ್ಯ ಆಟದಲ್ಲಿದೆ. ದಿನವಿಡೀ ತೋಟ ಸುತ್ತುವ ಮನುಷ್ಯ ಅಂದರೆ ತೋಟದ ಕೆಲಸದ ಉಸ್ತುವಾರಿ ನೋಡುವ ನಮ್ಮ ರೈಟರ್. "ಅಣ್ಣಾ, ಮೇಲಿನ ಬ್ಲಾಕಲ್ಲಿ ಟವರ್ ಸಿಗ್ತದೆ, ನಂಗೊಂದು ಮೆಸೇಜ್ ಬರ್ಲಿಕ್ಕುಂಟು, ಇದು ನಿಮ್ಮ ಜೇಬಲ್ಲಿರಲಿ" ಅಂತ ಮೊಬೈಲನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಅವರ ರೇನ್‌ಕೋಟ್ ಜೇಬಿಗೆ ಇಳಿಸಿದೆ. ಸಂಜೆ ಅವರು ಜಗಲಿಯಲ್ಲಿ ನಿಂತು ದೊಡ್ಡಪ್ಪನಿಗೆ ವರದಿ ಒಪ್ಪಿಸಿದರು: ಮೇಲಿನ ಬ್ಲಾಕ್ ನೋಡಿದೆ, ಹೊಳೆ ಬದಿ ಬೇಲಿ ನೋಡಿದೆ, ಕಾಲು ನೋಯ್ತದೆ. ನಾನು ಮೊಬೈಲ್ ತೆಗೆದು ನೋಡಿದರೆ ಒಂದು ಕ್ಯಾಂಡಿಯೂ ಇಲ್ಲ. ನಡೆದ ದೂರ ಕೆಲಸದವರ ಲೈನ್ ಮನೆಯಿಂದ ಚಹಾ ಅಂಗಡಿಗೆ ಎಷ್ಟೋ ಅಷ್ಟು. ಸಾಕ್ಷಿ ನನ್ನ ಕೈಯಲ್ಲೇ ಇತ್ತು, ಆದರೆ ಸಾಕ್ಷಿ ಹೇಳಿದರೆ ಆಟದ ವಿಷಯವೂ ಹೇಳಬೇಕು. ರೈಟರ್ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಅಂದಿನಿಂದ ನಮ್ಮಿಬ್ಬರಿಗೂ ವಿಶೇಷ ಸ್ನೇಹ.

ಅಂತೂ ಮಳೆಗಾಲದ ನಡುವಿಗೆ ಸ್ಲಿಗೂ ತಯಾರಾಯಿತು, ಕ್ಯಾಂಡಿಯೂ ನೂರು ದಾಟಿತು. ಹೊರಗೆ ಹಂಚು ಹಾರಿಹೋಗುವ ಹಾಗೆ ಮಳೆ. ಆಟ ತೆರೆದೆ. ಪರದೆಯಲ್ಲಿ ಗಾಳಿ.

ಇದಕ್ಕೆ ಕಾರಣ ಉಂಟು. 2017ರ ಡಿಸೆಂಬರಿನಿಂದ ಈ ಆಟದಲ್ಲಿ ಹೊರಗಿನ ಹವೆಯನ್ನೇ ಒಳಗೂ ತೋರಿಸುವ ವ್ಯವಸ್ಥೆ ಬಂದಿದೆ. ಬಿಸಿಲು, ಮೋಡ, ಮಳೆ, ಗಾಳಿ, ಮಂಜು, ಹಿಮ ಹೀಗೆ ಬೇರೆ ಬೇರೆ ಹವೆ. ಆದರೆ ಒಂದು ಹೊತ್ತಿಗೆ ಒಂದೇ. ಈ ನಿಯಮ ಮಾಡಿದವರು ಆಷಾಢದಲ್ಲಿ ಮಡಿಕೇರಿಯ ರಾಜಾಸೀಟಿನಲ್ಲಿ ಕೊಡೆ ಹಿಡಿದು ನಿಂತವರಲ್ಲ. ಅಲ್ಲಿ ಮಳೆ ಬರುವುದು ಗಾಳಿಯ ಜೊತೆ, ಅದೂ ಮೇಲಿನಿಂದಲ್ಲ, ಪಕ್ಕದಿಂದ. ಎರಡೂ ಕಾಣದ ಹಾಗೆ ಮಂಜು. ಇವುಗಳಲ್ಲಿ ಒಂದನ್ನು ಆರಿಸು ಅಂದರೆ ಯಾವ ಕಂಪ್ಯೂಟರ್ ತಾನೇ ಏನು ಮಾಡೀತು? ತಮಾಷೆಯೆಂದರೆ ಆಟದಲ್ಲಿ ಡ್ರ್ಯಾಗನ್‌ಗಳಿಗೆ ಬಲ ಬರುವುದು ಗಾಳಿಯಿಂದ. ಜನ್ಮವಿಡೀ ಒದ್ದೆ ನೆಲದಲ್ಲಿ ತೆವಳುವ ಪ್ರಾಣಿಗೆ ಬಲ ಕೊಡುವುದು ಗಾಳಿ, ಬಡ್ತಿ ಕೊಡುವುದು ಮಳೆ.

ಸರಿ, ಗಾಳಿ ನಿಲ್ಲಲಿ ಅಂತ ಕಾದೆ. ಗಾಳಿ ನಿಲ್ಲುವ ಮೊದಲು ಸಿಲ್ವರ್ ಮರ ಲೈನಿನ ಮೇಲೆ ಬಿದ್ದು ಕರೆಂಟ್ ಹೋಯಿತು. ಕರೆಂಟ್ ಹೋದ ಮೇಲೆ ಟವರಿನ ಬ್ಯಾಟರಿ ಮುಗಿದು ನೆಟ್‌ವರ್ಕ್ ಹೋಯಿತು. ಜೀಪಿನಲ್ಲಿ ಮೊಬೈಲ್ ಚಾರ್ಜ್ ಮಾಡಿಕೊಂಡು, ಏರಿ ಹತ್ತಿ, ಎರಡು ಕಡ್ಡಿ ಹಿಡಿಯುವ ಹೊತ್ತಿಗೆ ಮಳೆ ಬಿಟ್ಟು ಹೊಳವಾಗಿತ್ತು. ಇಡೀ ಮಳೆಗಾಲ ಇದೇ ಕತೆ. ಮಳೆ ಇದ್ದರೆ ನೆಟ್‌ವರ್ಕ್ ಇಲ್ಲ, ನೆಟ್‌ವರ್ಕ್ ಇದ್ದರೆ ಮಳೆ ಇಲ್ಲ. ಸ್ಲಿಗೂವಿನ ತಲೆಯ ನಾಲ್ಕು ಕೊಂಬು ರಾಡಾರಿನ ಹಾಗೆ ಕೆಲಸ ಮಾಡುತ್ತವೆ ಅಂತ ಪೋಕೆಡೆಕ್ಸ್ ಹೇಳುತ್ತದೆ. ಒಂದನ್ನಾದರೂ ನಮ್ಮ ಮಾಡಿನ ಮೇಲೆ ನೆಡಬಾರದಿತ್ತೇ?

ನನ್ನ ಚಡಪಡಿಕೆ ದೊಡ್ಡಪ್ಪನ ಕಣ್ಣಿಗೆ ಬಿತ್ತು. ತೋಟದ ಯಜಮಾನರಿಗೆಲ್ಲ ಇರುವ ಹಾಗೆ ಅವರಿಗೂ ಅಂಗಳದಲ್ಲೊಂದು ಮಳೆಮಾಪಕ, ಮೇಜಿನ ಮೇಲೊಂದು ಡೈರಿ. ದಿನಾ ಬೆಳಿಗ್ಗೆ ಅಳೆದು ಇಂಚು, ಸೆಂಟ್ ಲೆಕ್ಕದಲ್ಲಿ ಬರೆಯುತ್ತಾರೆ; ಸೆಂಟ್ ಅಂದರೆ ಇಂಚಿನ ನೂರರಲ್ಲೊಂದು ಪಾಲು. ಆಮೇಲೆ ನೆಂಟರಿಗೆಲ್ಲ ಫೋನ್ ಮಾಡಿ, ಅವರ ತೋಟದಲ್ಲಿ ಹತ್ತು ಸೆಂಟ್ ಹೆಚ್ಚು ಬಿದ್ದಿದ್ದರೆ ಅವರ ಮಾಪಕವೇ ಸರಿಯಿಲ್ಲ ಅನ್ನುತ್ತಾರೆ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದ ಮೇಲೆ ಮಳೆ ಜೋರಾದ ರಾತ್ರಿ ಟಾರ್ಚ್ ಹಿಡಿದು ಎದ್ದು ಹೋಗಿ ನೋಡುವುದೂ ಉಂಟು. ಆಗ ಯಾರೂ ಅವರನ್ನು ಮಾತಾಡಿಸುವುದಿಲ್ಲ.

"ಎಂಥ ಮಾರಾಯ, ಮಳೆ ಸಾಕಾಗ್ಲಿಲ್ವಾ ನಿಂಗೆ? ನಿನ್ನೆ ನಾಲ್ಕೂವರೆ ಇಂಚು!"

"ಇದ್ರಲ್ಲಿ ಬರ್ತಿಲ್ಲ ದೊಡ್ಡಪ್ಪ" ಅಂತ ಮೊಬೈಲ್ ತೋರಿಸಿದೆ. ವಿಷಯ ಪೂರ್ತಿ ಕೇಳಿಸಿಕೊಂಡರು. ಬೇರೆ ದಾರಿ ಇಲ್ಲವಾ ಅಂತ ಕೇಳಿದರು. ಇದೆ, ಮಳೆ ತರುವ ಒಂದು ವಸ್ತು ಆಟದ ಅಂಗಡಿಯಲ್ಲಿ ಸಿಗುತ್ತದೆ, ಅದನ್ನು ಹಚ್ಚಿದ ಜಾಗದ ಹತ್ತಿರ ನಿಂತರೂ ಆಗುತ್ತದೆ, ಆದರೆ ಕಾಸು ಬೇಕು ಅಂದೆ.

ದೊಡ್ಡಪ್ಪ ಕನ್ನಡಕ ತೆಗೆದರು. "ಕೊಡಗಿನಲ್ಲಿ ಕೂತ್ಕೊಂಡು ಮಳೆಗೆ ದುಡ್ಡು ಕೊಡ್ತೀಯಾ?" ಆ ಮಾತಿನ ಮೇಲೆ ಅದನ್ನು ಕೊಳ್ಳುವ ಧೈರ್ಯ ನನಗೆ ಬರಲಿಲ್ಲ.

ಮಳೆಗಾಲ ಮುಗಿಯಿತು, ಕಾಫಿ ಕುಯ್ಲೂ ಮುಗಿಯಿತು. ಮಾರ್ಚ್ ಬಂತು. ಆಗ ಕೊಡಗಿನಲ್ಲಿ ಎಲ್ಲರೂ ಹೂಮಳೆ ಯಾವಾಗ ಅಂತ ಆಕಾಶ ನೋಡುವ ಕಾಲ. ಹೊತ್ತಿಗೆ ಸರಿಯಾಗಿ ಬಿದ್ದರೆ ಕಾಫಿ ಹೂ ಬಿಡುತ್ತದೆ, ಇಲ್ಲದಿದ್ದರೆ ಕೆರೆಗೆ ಪಂಪ್ ಇಟ್ಟು ಸ್ಪ್ರಿಂಕ್ಲರ್ ತಿರುಗಿಸಬೇಕು. ಜೊತೆಗೆ ಕಣದಲ್ಲಿ ಮೆಣಸು ಒಣಗುತ್ತಿರುವಾಗ ಅದೇ ಮಳೆ ಬರಲೂ ಬಾರದು. ಮಧ್ಯಾಹ್ನ ನಾನು ಜಗಲಿಯಲ್ಲಿ ಕೂತು ಸುಮ್ಮನೆ ಆಟ ತೆರೆದೆ. ಪರದೆಯ ಮೇಲೆ ಹನಿ. ಒಂದಲ್ಲ, ಧಾರಾಕಾರ.

"ಮಳೆ ಬಂತು!" ಅಂತ ಕಿರುಚಿದೆ.

ದೊಡ್ಡಮ್ಮ ಸೌಟು ಹಿಡಿದುಕೊಂಡೇ ಹಿತ್ತಲಿನಿಂದ ಓಡಿದರು. ರೈಟರ್ ಅಣ್ಣ ನಿಜವಾಗಿ ಓಡಿದ್ದನ್ನು ನಾನು ನೋಡಿದ್ದು ಅಂದೇ. ಕೆಲಸದವರು ಮೆಣಸನ್ನು ರಾಶಿ ಮಾಡಿದರು, ಟಾರ್ಪಾಲ್ ಎಳೆದರು, ನಾಲ್ಕು ಮೂಲೆಗೆ ಕಲ್ಲು ಇಟ್ಟರು. ದೊಡ್ಡಪ್ಪ ಸ್ಪ್ರಿಂಕ್ಲರ್‌ನವರಿಗೆ ಫೋನ್ ಮಾಡಿ ನಾಳೆ ಬರುವುದು ಬೇಡ ಅಂದರು. ಆಮೇಲೆ ಎಲ್ಲರೂ ತಲೆ ಎತ್ತಿದರು. ಒಂದು ಮೋಡ ಇಲ್ಲ. ಬಿಸಿಲಿಗೆ ಟಾರ್ಪಾಲಿನ ಮೇಲೆ ಕೈ ಇಡಲಾಗುತ್ತಿರಲಿಲ್ಲ.

ಅಷ್ಟರಲ್ಲಿ ನನ್ನ ಕೈಯಲ್ಲಿ ಬೆಳಕು ಮಿನುಗಿ, ಸ್ಲಿಗೂ ಕರಗಿ, ಗೂಡ್ರಾ ಎದ್ದು ನಿಂತಿತ್ತು. ಇನ್ನು ಮುಚ್ಚಿಟ್ಟು ಪ್ರಯೋಜನ ಇರಲಿಲ್ಲ, ಎಲ್ಲರಿಗೂ ತೋರಿಸಿದೆ. ರೈಟರ್ ಅಣ್ಣ ತುಂಬ ಹೊತ್ತು ನೋಡಿ, "ಇದಕ್ಕೆ ಉಪ್ಪು ಹಾಕಿದ್ರೆ ಹೋಗ್ತದಾ?" ಅಂದರು. ದೊಡ್ಡಪ್ಪ ಮತ್ತೆ ಸ್ಪ್ರಿಂಕ್ಲರ್‌ನವರ ನಂಬರ್ ಒತ್ತುತ್ತಿದ್ದರು.

ದೊಡ್ಡಮ್ಮ ಮಾತ್ರ ಪರದೆಯ ಕಡೆ ಕಣ್ಣೂ ಹಾಯಿಸಲಿಲ್ಲ. ಟಾರ್ಪಾಲಿನ ಒಂದು ತುದಿ ನನ್ನ ಕೈಗೆ ಕೊಟ್ಟು, "ನೂರೈವತ್ತು ಕಿಲೋ ಉಂಟು ಅಂದೆಯಲ್ಲ, ಅದನ್ನೂ ಕರಿ. ಮೆಣಸು ಹರಡ್ಲಿಕ್ಕೆ ಒಂದು ಆಳು ಕಮ್ಮಿ ಉಂಟು" ಅಂದರು.