ಕರೆಂಟ್ ಬರ್ತಿದೆ, ಸ್ವಲ್ಪ ಕರೆಂಟ್ ತೆಗೀರಿ

ಗಾಳಿಯಲ್ಲಿ ನಾವೇ ಫಸ್ಟ್. ಪೇಪರಿನಲ್ಲಿ ಓದಿರುತ್ತೀರಿ. 2024-25ರಲ್ಲಿ ಹೊಸದಾಗಿ 1,331 ಮೆಗಾವ್ಯಾಟ್ ಗಾಳಿ ವಿದ್ಯುತ್ ಸಾಮರ್ಥ್ಯ ಸೇರಿಸಿ ಕರ್ನಾಟಕ ಇಡೀ ದೇಶಕ್ಕೆ ಮೊದಲು ಬಂದಿದೆ. ಎರಡನೆಯದು ತಮಿಳುನಾಡು, ಮೂರನೆಯದು ಗುಜರಾತ್. ತಮಿಳುನಾಡನ್ನು ಹಿಂದೆ ಹಾಕಿದ್ದೇವೆ ಅಂದರೆ ಯಾವ ಕನ್ನಡಿಗನಿಗೆ ಖುಷಿ ಆಗಲ್ಲ ಹೇಳಿ. ನೀರಿನಲ್ಲಿ ಆಗದಿದ್ದುದು ಗಾಳಿಯಲ್ಲಾದರೂ ಆಯಿತು.

ಅದೇ ಖುಷಿಯಲ್ಲಿ ಗದಗಿನಿಂದ ಮುಂಡರಗಿ ಕಡೆ ಬೈಕ್ ಹತ್ತಿದ್ದೆ. ಎಡಬಲ ಎರಿ ಹೊಲ. ದೂರದಲ್ಲಿ ಕಪ್ಪತಗುಡ್ಡ. ಗುಡ್ಡದ ನೆತ್ತಿಯ ಮೇಲೆ ಸಾಲಾಗಿ ಬಿಳಿ ಫ್ಯಾನುಗಳು. ನಮ್ಮ ಕಡೆ ಯಾರೂ ಪವನ ವಿದ್ಯುತ್ ಯಂತ್ರ ಅನ್ನಲ್ಲ, ಫ್ಯಾನ್ ಅಂತಾರೆ. ಮನೆಯ ಫ್ಯಾನು ಕರೆಂಟ್ ತಿಂದು ಗಾಳಿ ಕೊಡುತ್ತದೆ, ಗುಡ್ಡದ ಫ್ಯಾನು ಗಾಳಿ ತಿಂದು ಕರೆಂಟ್ ಕೊಡುತ್ತದೆ. ಲೆಕ್ಕ ಚುಕ್ತಾ. ಈ ಎರಡು ಫ್ಯಾನುಗಳ ನಡುವೆ ಏನಾಗುತ್ತದೆ ಅನ್ನುವುದಷ್ಟೇ ನನಗೆ ಇನ್ನೂ ಬಗೆಹರಿದಿಲ್ಲ.

ಒಂದು ಊರಿನ ತಿರುವಿನಲ್ಲಿ ದಾರಿ ಬಂದ್ ಆಗಿತ್ತು. ಲಾರಿ ಅಡ್ಡ ನಿಂತಿದೆ ಅಂದರು. ಲಾರಿ ಅಂದ ಕೂಡಲೇ ಕಬ್ಬಿನ ಲಾರಿ ನೆನಪಿಸಿಕೊಳ್ಳಬೇಡಿ. ಅದರ ಮೇಲೆ ಫ್ಯಾನಿನ ಒಂದೇ ಒಂದು ರೆಕ್ಕೆ ಮಲಗಿತ್ತು. ಎಪ್ಪತ್ತು ಮೀಟರ್ ಅಂತೆ. ಆರು ಬಸ್ಸುಗಳನ್ನು ಒಂದರ ಹಿಂದೆ ಒಂದು ನಿಲ್ಲಿಸಿದಷ್ಟು ಉದ್ದ. ಮುಂದೆ ಒಂದು ಜೀಪು, ಅದರ ಮೇಲೆ ಕವೆಗೋಲು ಹಿಡಿದ ಇಬ್ಬರು ಹುಡುಗರು. ಡ್ರೈವರ್ ಮುಂದಿನ ಗಾಲಿಗಳಿಗೆ ಮಾತ್ರ ಮಾಲೀಕ. ಹಿಂದಿನ ಗಾಲಿಗಳನ್ನು ಇನ್ನೊಬ್ಬ ಕೈಯಲ್ಲಿ ರಿಮೋಟ್ ಹಿಡಿದು, ಪಕ್ಕದಲ್ಲಿ ನಡೆಯುತ್ತಾ ತಿರುಗಿಸುತ್ತಾನೆ. ಮುಂದಿನವನು ಒಂದು ಕಡೆ, ಹಿಂದಿನವನು ಒಂದು ಕಡೆ, ನಡುವೆ ಎಲ್ಲರೂ ಕೂಗುವವರೇ. ಸಮ್ಮಿಶ್ರ ಸರ್ಕಾರ ನೋಡಿದ ಹಾಗಿತ್ತು. ಆದರೆ ಇದು ಸ್ವಲ್ಪಸ್ವಲ್ಪ ಮುಂದಕ್ಕೆ ಹೋಗುತ್ತಿತ್ತು.

ತಿರುವಿನಲ್ಲಿ ಕರೆಂಟಿನ ತಂತಿ ಅಡ್ಡ ಬಂತು. ಕವೆಗೋಲಿನಲ್ಲಿ ಎತ್ತುವಂಥ ತಂತಿ ಅಲ್ಲ, ಹನ್ನೊಂದು ಸಾವಿರ ವೋಲ್ಟಿನದು. ಲೈನ್‌ಮನ್ ಬಂದ. ಫೋನಿನಲ್ಲಿ ಎಲ್‌ಸಿ ತಗೊಂಡ, ಅಂದರೆ ಲೈನಿನ ಕರೆಂಟ್ ನಿಲ್ಲಿಸಲು ಒಪ್ಪಿಗೆ. ಕಂಬ ಹತ್ತಿ ತಂತಿ ಬಿಚ್ಚಿದ. ಊರಿಡೀ ಕರೆಂಟ್ ಹೋಯಿತು.

ತಿರುವಿನಲ್ಲೇ ಒಂದು ಹಿಟ್ಟಿನ ಗಿರಣಿ ಇತ್ತು. ಕರೆಂಟ್ ಹೋದದ್ದೇ ಬೆಲ್ಟು ಒಂದೆರಡು ಸುತ್ತು ಸುಮ್ನೆ ತಿರುಗಿ ನಿಂತಿತು. ಜೋಳದ ಡಬ್ಬಿ ಇಟ್ಟುಕೊಂಡು ಸಾಲಿನಲ್ಲಿ ಕೂತಿದ್ದ ಹೆಂಗಸರು ರಸ್ತೆ ನೋಡಿದರು. ಒಬ್ಬಾಕೆ ಗಿರಣಿಯವನನ್ನು ಕೇಳಿದಳು, "ಏನ್ ಹೊಂಟೈತೋ ಯಣ್ಣಾ ಅದು?"

"ಕರೆಂಟ್ ತಯಾರ್ ಮಾಡೋದು ಐತಿ ಬೇ."

"ಮತ್ತ ಕರೆಂಟ್ ಯಾಕ್ ಹೋತು?"

"ಅದು ಹೋಗಾಕ ಜಾಗಾ ಬೇಕಲ್ಲ. ಅದಕ್ಕ ತಗದಾರ."

ಗಾಳಿ ಗಿರಣಿ ದಾಟಿಸಲು ಹಿಟ್ಟಿನ ಗಿರಣಿ ಬಂದ್. ಈ ಒಂದು ಸಾಲು ಬರೆದು ಅಂಕಣ ಮುಗಿಸಬಹುದಿತ್ತು. ಆದರೆ ದಾರಿ ತೆರೆಯುವುದಕ್ಕೆ ಇನ್ನೂ ಒಂದು ತಾಸು ಅಂದರು. ಹಾಗಾಗಿ ಚಹಾದ ಅಂಗಡಿಯಲ್ಲಿ ಕೂತೆ. ಪಕ್ಕದಲ್ಲಿ ಹಳದಿ ಹೆಲ್ಮೆಟ್ ತೊಡೆಯ ಮೇಲಿಟ್ಟುಕೊಂಡ ಒಬ್ಬ ಹುಡುಗ, ಕಂಪನಿಯವನು. ಮಿರ್ಚಿ ಕೊಡಿಸಿದ್ದಕ್ಕೆ ಇಡೀ ವಿದ್ಯೆ ಬಿಚ್ಚಿಟ್ಟ.

ರೆಕ್ಕೆ ವಿಮಾನದ ರೆಕ್ಕೆಯ ಹಾಗೇ ಇರುತ್ತದಂತೆ. ಗಾಳಿ ಅದನ್ನು ನೂಕುವುದಕ್ಕಿಂತ ಎತ್ತುವುದೇ ಜಾಸ್ತಿ. ದೂರದಿಂದ ಊಟ ಮಾಡಿ ಮಲಗೆದ್ದವರ ಹಾಗೆ ಸೋಮಾರಿಯಾಗಿ ತಿರುಗುತ್ತದೆ. ನಿಮಿಷಕ್ಕೆ ಹನ್ನೆರಡೋ ಹದಿನೈದೋ ಸುತ್ತು. ಆದರೆ ಅಷ್ಟು ಉದ್ದದ ರೆಕ್ಕೆಯ ತುದಿ ಗಂಟೆಗೆ 250 ಕಿಲೋಮೀಟರ್ ಮೀರಿ ಓಡುತ್ತಿರುತ್ತದೆ. ಒಳಗೆ ಗೇರ್‌ಬಾಕ್ಸು ಆ ಹನ್ನೆರಡು ಸುತ್ತನ್ನು ಸಾವಿರಕ್ಕೂ ಮೇಲೆ ಏರಿಸಿ ಜನರೇಟರಿಗೆ ಕೊಡುತ್ತದೆ. ಇನ್ನೊಂದು ಮಜಾ ಕೇಳಿ. ಗಾಳಿಯ ವೇಗ ಎರಡು ಪಟ್ಟಾದರೆ ಕರೆಂಟ್ ಎರಡು ಪಟ್ಟಲ್ಲ, ಎಂಟು ಪಟ್ಟು. ಹಾಗೇ ಅರ್ಧಕ್ಕಿಳಿದರೆ ಎಂಟರಲ್ಲಿ ಒಂದು ಪಾಲು. ಚಕ್ರಬಡ್ಡಿಗೂ ಇಷ್ಟು ಕಟುಕತನ ಇಲ್ಲ. ಅದಕ್ಕೇ ಗುಡ್ಡದ ನೆತ್ತಿಗೆ ಅಷ್ಟು ಬೆಲೆ. ನಮ್ಮ ಅಜ್ಜಂದಿರು ಗುಡ್ಡದ ಮೇಲಿನ ಹೊಲ ಗಾಳಿ ಜಾಸ್ತಿ ಅಂತ ದಾಯಾದಿಗಳ ತಲೆಗೆ ಕಟ್ಟುತ್ತಿದ್ದರು. ಈಗ ಆ ದಾಯಾದಿಗಳ ಮನೆ ಮುಂದೆ ಏಜೆಂಟರ ಕಾರು ನಿಲ್ಲುತ್ತವೆ.

ಜರ್ಮನಿಯ ಬೆಟ್ಜ್ ಅನ್ನುವವರು 1919ರಲ್ಲೇ ಲೆಕ್ಕ ಹಾಕಿ ಹೇಳಿದ್ದಾರಂತೆ, ಗಾಳಿಯಲ್ಲಿರುವ ಶಕ್ತಿಯಲ್ಲಿ 59 ಪರ್ಸೆಂಟ್‌ಗಿಂತ ಜಾಸ್ತಿ ಯಾವ ಫ್ಯಾನಿಗೂ ದಕ್ಕಲ್ಲ. ಉಳಿದ 40 ಪರ್ಸೆಂಟ್ ಚಿಲ್ಲರೆ ಬಿಟ್ಟುಕೊಡಲೇಬೇಕು. ಪೂರ್ತಿ ಹಿಡಿದುಕೊಂಡರೆ ಗಾಳಿ ಅಲ್ಲೇ ನಿಂತುಬಿಡುತ್ತದೆ, ಹಿಂದಿನಿಂದ ಬರುವ ಗಾಳಿಗೆ ದಾರಿಯೇ ಇರಲ್ಲ. 40 ಪರ್ಸೆಂಟ್ ಬಿಡದಿದ್ದರೆ ಕೆಲಸ ಮುಂದೆ ಹೋಗಲ್ಲ ಅನ್ನುವ ನಿಯಮ ನಮ್ಮ ರಾಜ್ಯದವರೇ ಕಂಡುಹಿಡಿದದ್ದು ಅಂತ ನಾನು ಇಷ್ಟು ದಿನ ಹೆಮ್ಮೆಪಟ್ಟಿದ್ದೆ. ಅದೂ ಫಾರಿನ್ ಮಾಲು.

ಫಾರಿನ್ ಅಂದದ್ದಕ್ಕೆ ನೆನಪಾಯಿತು. 1887ರಲ್ಲಿ ಸ್ಕಾಟ್‌ಲೆಂಡಿನಲ್ಲಿ ಜೇಮ್ಸ್ ಬ್ಲೈತ್ ಅನ್ನುವ ಮೇಷ್ಟ್ರೊಬ್ಬರು ಮೇರಿಕರ್ಕ್ ಎಂಬ ಹಳ್ಳಿಯ ತಮ್ಮ ರಜಾಮನೆಯ ತೋಟದಲ್ಲಿ ಬಟ್ಟೆಯ ರೆಕ್ಕೆ ಕಟ್ಟಿ, ಗಾಳಿಯಿಂದ ಕರೆಂಟ್ ತೆಗೆದು ಮನೆಗೆ ದೀಪ ಹಚ್ಚಿಕೊಂಡರು. ಕರೆಂಟ್ ಉಳಿಯಿತು. ಊರಿನ ದೊಡ್ಡ ಬೀದಿಗೆ ದೀಪ ಹಾಕಿಕೊಡ್ತೀನಿ, ತಗೊಳ್ಳಿ ಅಂದರು. ಊರವರು ಇದು ಸೈತಾನನ ಕೆಲಸ, ಬೇಡ ಅಂದರಂತೆ. ಆಮೇಲೆ ಅವರು ಪಕ್ಕದ ಮಾಂಟ್ರೋಸ್ ಊರಿನ ಹುಚ್ಚಾಸ್ಪತ್ರೆಗೆ ಒಂದು ಯಂತ್ರ ಮಾಡಿಕೊಟ್ಟರು. ಅಲ್ಲಿ ಯಾರೂ ತಕರಾರು ಮಾಡಲಿಲ್ಲ.

ನನಗೆ ಆ ಮೇಷ್ಟ್ರ ಮೇಲೆ ಹೊಟ್ಟೆಕಿಚ್ಚು. ಫ್ಯಾನ್ ಹಾಕಿದವನು ಊರವರ ಮನೆ ಬಾಗಿಲಿಗೆ ಬಂದು "ನಿಮಗೂ ಸ್ವಲ್ಪ ಬೇಕಾ?" ಅಂತ ಕೇಳಿದ್ದಾನಲ್ಲ! ನೂರ ಮೂವತ್ತು ವರ್ಷಗಳ ಮೇಲಾಯಿತು. ನಮ್ಮ ಗುಡ್ಡದ ಕಡೆಯಿಂದ ಯಾರಾದರೂ ಹಾಗೆ ಕೇಳಿಕೊಂಡು ಬಂದದ್ದನ್ನು ನಾನಂತೂ ನೋಡಿಲ್ಲ.

ಬರಲ್ಲ. ಯಾಕಂದರೆ ಗುಡ್ಡದ ಕರೆಂಟು ನಮ್ಮೂರಲ್ಲಿ ಸ್ಟಾಪ್ ಇಲ್ಲದ ಎಕ್ಸ್‌ಪ್ರೆಸ್ಸು. ಫ್ಯಾನಿನಿಂದ ಇಳಿದದ್ದೇ 33 ಸಾವಿರ ವೋಲ್ಟಿನ ಲೈನು ಹತ್ತುತ್ತದೆ, ಅಲ್ಲಿಂದ ದೊಡ್ಡ ಸ್ಟೇಷನ್ನು, ಅಲ್ಲಿಂದ 220 ಸಾವಿರದ ಟವರು, ಅಲ್ಲಿಂದ ಗ್ರಿಡ್ಡು. ಗ್ರಿಡ್ ಅಂದರೆ ಕೆರೆ ಅಂದುಕೊಳ್ಳಿ. ರಾಯಚೂರಿನ ಕಲ್ಲಿದ್ದಲು, ಶರಾವತಿಯ ನೀರು, ಪಾವಗಡದ ಬಿಸಿಲು, ನಮ್ಮ ಗಾಳಿ, ಎಲ್ಲ ಹಳ್ಳಗಳೂ ಬಂದು ಅದಕ್ಕೇ ಸೇರುತ್ತವೆ. ಯಾವ ತೂಬು ಯಾವಾಗ ತೆಗೆಯಬೇಕು ಅನ್ನುವುದು ಏರಿಯ ಮೇಲೆ ಕೂತವರ ಕೈಯಲ್ಲಿ. ಕೆಳಗಿನ ಊರಿಗೆ ಬರುವುದು ಹಳೇ ತಂತಿ, ಹಳೇ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್. ಟಿಸಿ ಸುಟ್ಟರೆ ಚಂದಾ ಎತ್ತಿ, ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಹೋಗುವುದು ನಾವೇ. ಅದಕ್ಕೆ ಎಪ್ಪತ್ತು ಮೀಟರಿನ ಲಾರಿ, ಮುಂದೊಂದು ಜೀಪು, ರಿಮೋಟು, ಏನೂ ಬರಲ್ಲ.

ಲೆಕ್ಕ ಮಾತ್ರ ಬಹಳ ಚೆಂದ ಇದೆ, ನೋಡಿ. ಎರಡು ಮೆಗಾವ್ಯಾಟಿನ ಒಂದು ಫ್ಯಾನು ಪೂರ್ತಿ ಗಾಳಿಯಲ್ಲಿ ಒಂದು ತಾಸು ತಿರುಗಿದರೆ ಎರಡು ಸಾವಿರ ಯೂನಿಟ್. ಗೃಹಜ್ಯೋತಿಯ ಮಿತಿ ತಿಂಗಳಿಗೆ 200. ಅಂದರೆ ಒಂದು ತಾಸಿಗೆ ಹತ್ತು ಮನೆಯ ತಿಂಗಳ ಕೋಟಾ. ನಾಲ್ಕು ನೂರು ಮನೆಯ ಊರಿಗೆ ಎರಡು ದಿನದ ಒಳ್ಳೆ ಗಾಳಿ ಸಾಕು. ಇಷ್ಟಾಗಿ ಊರು ಕತ್ತಲಲ್ಲಿ ಕೂತಾಗಲೂ ಗುಡ್ಡದ ಮೇಲೆ ಫ್ಯಾನಿನ ಕೆಂಪು ದೀಪಗಳು ಮಿಣುಕುತ್ತಲೇ ಇರುತ್ತವೆ. ಗಾಳಿ ಬಿದ್ದು ಫ್ಯಾನು ನಿಂತಾಗ ಅದರ ಕಂಪ್ಯೂಟರಿಗೆ, ಮೋಟಾರಿಗೆ ಲೈನಿನಿಂದಲೇ ಕರೆಂಟ್ ಕೊಡಬೇಕಂತೆ. ಮನೆಗೆ ಬಂದ ಅಳಿಯನ ಹಾಗೆ. ದುಡಿದರೂ ಮರ್ಯಾದೆ, ಮಲಗಿದರೂ ಊಟ.

ಇನ್ನು ಗಾಳಿ ಬರುವ ಕಾಲ. ನಮ್ಮಲ್ಲಿ ಗಾಳಿ ಹುಚ್ಚೆದ್ದು ಬೀಸುವುದು ಮುಂಗಾರಿನಲ್ಲಿ. ಆಷಾಢದ ಗಾಳಿಗೆ ಪಂಚೆ ಉಳಿಸಿಕೊಳ್ಳುವುದೇ ಕಷ್ಟ. ಆದರೆ ಆಗ ಡ್ಯಾಮ್ ತುಂಬಿರುತ್ತವೆ, ಪಂಪ್‌ಸೆಟ್ ನಿಂತಿರುತ್ತವೆ, ಬೆಂಗಳೂರಿನವರು ಎಸಿ ಆಫ್ ಮಾಡಿ ಕಂಬಳಿ ಹೊದ್ದಿರುತ್ತಾರೆ. ಕರೆಂಟ್ ಬೇಕಾದವರೇ ಕಡಿಮೆ. ಹಾಗಾಗಿ ಕೆಲವು ದಿನ ಮೇಲಿನಿಂದ ಫೋನು ಬರುತ್ತದೆ, ಸ್ವಲ್ಪ ಫ್ಯಾನು ನಿಲ್ಸಿ ಅಂತ. ಗಾಳಿ, ಬಿಸಿಲಿನ ಕರೆಂಟನ್ನು ನಿಲ್ಲಿಸಬಾರದು, ಓಡಿಸಲೇಬೇಕು ಅಂತ 2021ರಲ್ಲಿ ಕೇಂದ್ರದವರು ನಿಯಮವನ್ನೇ ಮಾಡಿದ್ದಾರೆ. ನಿಯಮ ಅದರ ಪಾಡಿಗೆ ಓಡುತ್ತದೆ, ಫ್ಯಾನು ಅದರ ಪಾಡಿಗೆ ನಿಲ್ಲುತ್ತದೆ. ಮಾರ್ಚ್-ಏಪ್ರಿಲ್ಲಿನಲ್ಲಿ ಊರೆಲ್ಲ ಬೇಯುವಾಗ ಗಾಳಿ ಇರಲ್ಲ. ಇದ್ದಾಗ ಕೂಡಿಡೋಣ ಅಂತ ಶರಾವತಿ ಕಣಿವೆಯ ಸಿಂಗಳೀಕಗಳ ಕಾಡಿನಲ್ಲಿ ನೀರು ಮೇಲೆತ್ತಿ ಕೆಳಗೆ ಬಿಡುವ 2,000 ಮೆಗಾವ್ಯಾಟಿನ ಇನ್ನೊಂದು ಯೋಜನೆ ಹಾಕಿದ್ದಾರೆ. ಅದರ ಬಗ್ಗೆ ಬೇರೆ ವಾರ ಸಿಟ್ಟಾಗೋಣ, ಇವತ್ತಿನ ಬಿಪಿ ಮಾತ್ರೆ ಒಂದೇ ಇದೆ.

ಗಾಳಿ ಬಂದಾಗ ತೂರಿಕೊಳ್ಳಬೇಕು ಅಂತ ನಮ್ಮ ಹಿರಿಯರು ಹೇಳಿದ್ದು ಜೋಳದ ರಾಶಿ ನೋಡಿ. ಅದನ್ನು ಸರಿಯಾಗಿ ಅರ್ಥ ಮಾಡಿಕೊಂಡವರು ಕೆಲವು ಲೆಕ್ಕಪರಿಶೋಧಕರು. ಮೊದಲು ಒಂದು ಕಾಲ ಇತ್ತು. ಫ್ಯಾನ್ ಕೊಂಡರೆ ಮೊದಲ ವರ್ಷವೇ ಅದರ ಬೆಲೆಯಲ್ಲಿ 80 ಪರ್ಸೆಂಟ್ ಸವಕಲು ಅಂತ ತೋರಿಸಿ ಆದಾಯ ತೆರಿಗೆ ಉಳಿಸಿಕೊಳ್ಳಬಹುದಿತ್ತು. ಹೊಸ ಯಂತ್ರ, ಒಂದೇ ವರ್ಷಕ್ಕೆ ಮುದುಕ! ಗುಡ್ಡ ಎಲ್ಲಿದೆ ಅಂತ ಗೊತ್ತಿಲ್ಲದ ಶ್ರೀಮಂತರೆಲ್ಲ ಒಂದೊಂದು ಫ್ಯಾನಿನ ಧಣಿಗಳಾದರು. 2012ರಲ್ಲಿ ಆ ಸವಲತ್ತು ತೆಗೆದರು, 2014ರಲ್ಲಿ ಮತ್ತೆ ಕೊಟ್ಟರು, 2017ರಲ್ಲಿ 40ಕ್ಕೆ ಇಳಿಸಿದರು. ಇಷ್ಟು ಸಲ ದಿಕ್ಕು ಬದಲಿಸುವುದು ಗಾಳಿಗೂ ಆಗಲ್ಲ.

ನಗ್ತಾ ಬರೆಯೋಣ ಅಂತಲೇ ಕೂತಿದ್ದೆ. ಆದರೆ ಒಂದು ಮಾತು ನಗ್ತಾ ಹೇಳಕ್ಕಾಗಲ್ಲ. ಹೊಲದ ಪಂಪ್‌ಸೆಟ್ಟಿಗೆ ದಿನಕ್ಕೆ 7 ತಾಸು ತ್ರೀ ಫೇಸ್, ಅಂದರೆ ಮೋಟರ್ ಓಡಿಸುವ ಕರೆಂಟ್, ಅಂತ ಹೇಳಿಕೆ. 2023ರ ಬರದಲ್ಲಿ ಅದು 5ಕ್ಕೆ ಇಳಿಯಿತು, ಗಲಾಟೆ ಆದ ಮೇಲೆ ಮತ್ತೆ 7. ಆ ಏಳರಲ್ಲಿ ಎಷ್ಟೋ ಕಡೆ ಒಂದು ಪಾಲು ರಾತ್ರಿ ಬರುತ್ತದೆ. ಮಧ್ಯರಾತ್ರಿ ಎದ್ದು, ಟಾರ್ಚ್ ಹಿಡಿದು, ಹಾವಿಗೆ ಹೆದರುತ್ತಾ ಮೋಟರ್ ಚಾಲೂ ಮಾಡುವ ಮನುಷ್ಯ ತಲೆ ಎತ್ತಿದರೆ ಕಾಣುವುದು ಅದೇ ಕೆಂಪು ದೀಪಗಳು. ಯಾಕೆ ರಾತ್ರಿ? ಹಗಲಿನ ಕರೆಂಟು ಬೇರೆಯವರಿಗೆ ಬೇಕು, ಅದಕ್ಕೆ. ಗಾಳಿ ಅವನ ಹೊಲದ ಮೇಲಿನದು, ದಾರಿ ಅವನ ಬದುವಿನ ಮೇಲಿನದು. ನಿದ್ದೆಯೂ ಅವನದೇ ಹೋಗಬೇಕಾ? ಗಾಳಿ ಕರೆಂಟ್ ಬೇಡ ಅಂತ ನಾನು ಹೇಳ್ತಾ ಇಲ್ಲ. ಹೊಗೆ ಇಲ್ಲ, ಬೂದಿ ಇಲ್ಲ, ಬಹಳ ಒಳ್ಳೆಯದು. ಇಷ್ಟು ಒಳ್ಳೆಯದು ನಮಗೂ ಸ್ವಲ್ಪ ಕೊಡಿ ಅಂತ ಕೇಳಿ ಕೇಳಿ ಬೇಸರ ಬಂದುಹೋಗಿದೆ.

ಚಹಾದ ಅಂಗಡಿಯ ಕಟ್ಟೆಯ ಮೇಲೆ ಒಬ್ಬ ಅಜ್ಜ ಕೂತಿದ್ದ. ಫ್ಯಾನು ಬಂದ ಮೇಲೆ ಮಳೆ ಹೋಯಿತು, ರೆಕ್ಕೆ ಮೋಡ ಓಡಿಸುತ್ತದೆ ಅಂದ. ಈ ಮಾತು ಹಿಂದೆ ಮಹಾರಾಷ್ಟ್ರದ ಸಾತಾರಾ, ಸಾಂಗ್ಲಿ ಕಡೆಯೂ ದೊಡ್ಡ ಗಲಾಟೆ ಎಬ್ಬಿಸಿತ್ತು. ನಾನು ತಿಳಿದವನ ಗತ್ತಿನಲ್ಲಿ ವಿವರಿಸಿದೆ. ಅಜ್ಜಾ, ಇದು ಮನೆಯ ಫ್ಯಾನಿನ ಹಾಗೆ ಗಾಳಿ ಬೀಸಲ್ಲ, ಬಂದ ಗಾಳಿಯನ್ನೇ ಹಿಡಿಯುತ್ತದೆ. ಎತ್ತರ ಎಷ್ಟೇ ಅಂದರೂ ಇನ್ನೂರು ಮೀಟರ್ ಆಸುಪಾಸು, ಮಳೆಯ ಮೋಡ ಕಿಲೋಮೀಟರ್‌ಗಟ್ಟಲೆ ಮೇಲಕ್ಕೆ ಬೆಳೆದಿರುತ್ತದೆ, ಅದನ್ನು ಇದು ಓಡಿಸಕ್ಕಾಗಲ್ಲ.

ಅಜ್ಜ ಪೂರ್ತಿ ಕೇಳಿಸಿಕೊಂಡ. "ಮೋಡಾ ಓಡಸೂದಿಲ್ಲ?"

"ಇಲ್ಲ."

"ನಮಗ ಕರೆಂಟೂ ಕೊಡೂದಿಲ್ಲ?"

"ಹಂಗಲ್ಲ ಅಜ್ಜಾ, ಗ್ರಿಡ್ ಅಂತ ಒಂದು..."

"ಮತ್ತ ಅಲ್ಲಿ ಮ್ಯಾಲೆ ನಿಂತು ಏನ್ ಮಾಡ್ತೈತಿ ತಮ್ಮಾ ಅದು?"

ಹೆಲ್ಮೆಟ್ಟಿನ ಹುಡುಗನ ಕಡೆ ನೋಡಿದೆ. ಅವನು ಮಿರ್ಚಿಯ ತೊಟ್ಟು ನೋಡುತ್ತಿದ್ದ.

ಅಷ್ಟರಲ್ಲಿ ರೆಕ್ಕೆಯ ತುದಿ ತಿರುವು ದಾಟಿತು. ಹುಡುಗರು ಸಿಳ್ಳೆ ಹಾಕಿದರು. ಲೈನ್‌ಮನ್ ತಂತಿ ಕಟ್ಟಿ ಕಂಬ ಇಳಿದ. ಗಿರಣಿಯ ಬೆಲ್ಟು ಗರ್ ಅಂತ ಎದ್ದಿತು. ಹೆಂಗಸರು ಡಬ್ಬಿ ಮುಂದಕ್ಕೆ ತಳ್ಳಿದರು. ಇನ್ನು ಕರೆಂಟ್ ತೆಗೆಯಲ್ಲ ತಾನೆ ಅಂತ ಗಿರಣಿಯವನು ಕೂಗಿ ಕೇಳಿದ.

ಲೈನ್‌ಮನ್ ಚಪ್ಪಲಿ ಮೆಟ್ಟುತ್ತಾ ಹೇಳಿದ, "ಒಂದ್ ಫ್ಯಾನಿಗೆ ಮೂರು ರೆಕ್ಕಿ ಅಲ್ಲೇನ್ರಿ? ಇದು ಒಂದನೇದು."