ಭಾವನ ಮೈಸೂರು, ನಮ್ಮ ರಾಣಿಬಾಗ್

ಬೇಸಿಗೆ ರಜೆಗೆ ಮುಂಬೈಗೆ ಬರುವ ನೆಂಟರಲ್ಲಿ ಮೈಸೂರಿನವರನ್ನು ಮಾತ್ರ ಬೈಕಲಾದ ಮೃಗಾಲಯ ರಾಣಿಬಾಗ್‌ಗೆ ಕರೆದುಕೊಂಡು ಹೋಗಬಾರದು. ಹುಬ್ಬಳ್ಳಿಯವರಿರಲಿ, ಕುಂದಾಪುರದವರಿರಲಿ, ಹುಲಿ ಕಂಡರೆ ಹುಲಿ ಅಂದುಕೊಂಡು ಮುಂದೆ ಹೋಗುತ್ತಾರೆ. ಮೈಸೂರಿನ ಭಾವ ಹಾಗಲ್ಲ. ಟಿಕೆಟ್ಟಿನ ಸಾಲಿನಲ್ಲೇ ಶುರು: "ನಮ್ಮ ಮೈಸೂರು ಝೂ ನೋಡಿದ್ಯೇನಮ್ಮ?" ನೋಡಿದ್ದೇವೆ ಭಾವ. ಮೈಸೂರಿಗೆ ಬಂದಾಗಲೆಲ್ಲ ನೀವೇ ತೋರಿಸಿದ್ದೀರಿ.

ಡೊಂಬಿವಲಿ, ಥಾಣೆ, ಮುಲುಂದ್‌ನ ಎಷ್ಟೋ ಮನೆಗಳ ಹಾಲಿನಲ್ಲಿ ಈ ಹೊತ್ತು ಇಂಥ ಭಾವ ಒಬ್ಬರು ಫ್ಯಾನಿನ ಕೆಳಗೆ ಮಲಗಿರುತ್ತಾರೆ. ಆದ್ದರಿಂದ ಅವರು ಏಳುವ ಮೊದಲು ಕೆಲಸದ ಮಾತು. ರಾಣಿಬಾಗ್‌ಗೆ ಬುಧವಾರ ರಜೆ. ಬುಧವಾರವೇ ಸರ್ಕಾರಿ ರಜೆ ಬಿದ್ದರೆ ಅಂದು ತೆರೆದು ಗುರುವಾರ ಮುಚ್ಚುತ್ತಾರೆ. ಊರೆಲ್ಲ ಹೊರಡುವುದಂತೂ ಭಾನುವಾರವೇ, ಭಾನುವಾರ ಸೆಂಟ್ರಲ್ ಲೈನಿನಲ್ಲಿ ಮೆಗಾ ಬ್ಲಾಕ್, ಅಂದರೆ ಹಳಿ ರಿಪೇರಿಗೆಂದು ಲೋಕಲ್ ಗಾಡಿಗಳಿಗೆ ತಡೆ, ಇರುತ್ತದೆ. ಗೇಟು ತೆರೆಯುವುದು ಒಂಬತ್ತೂವರೆಗೆ. ಹನ್ನೊಂದರ ಹೊತ್ತಿಗೆ ಬ್ಲಾಕ್ ಶುರುವಾಗಿ ಸ್ಲೋ ಗಾಡಿಗಳನ್ನು ಫಾಸ್ಟ್ ಲೈನಿಗೆ ತಿರುಗಿಸುವ ಮೊದಲೇ ಬೈಕಲಾದಲ್ಲಿ ಇಳಿಯಬೇಕೆಂದರೆ ಎಂಟಕ್ಕೆ ಮನೆ ಬಿಡಬೇಕು. ಎಂಟಕ್ಕೆ ಭಾವನ ಎರಡನೇ ಕಾಫಿ. ಒಂಬತ್ತಕ್ಕೆ ಸ್ನಾನ. ಪುಳಿಯೋಗರೆ ಡಬ್ಬಿಯ ಮುಚ್ಚಳ ಸಿಗುವಾಗ ಹತ್ತೂಕಾಲು. ಆಮೇಲೆ ಕುರ್ಲಾದಲ್ಲೊಂದು ಬೆವರು, ದಾದರಿನಲ್ಲೊಂದು ಬೆವರು. ಬೈಕಲಾದಲ್ಲಿ ಪೂರ್ವಕ್ಕೆ ಇಳಿಯಿರಿ ಎಂದು ಎಷ್ಟು ಕೂಗಿದರೂ ಗುಂಪಿನಲ್ಲಿ ಯಾರೋ ಒಬ್ಬರು ಪಶ್ಚಿಮಕ್ಕೆ ಇಳಿದಿರುತ್ತಾರೆ. ಅವರನ್ನು ಸೇತುವೆ ಹತ್ತಿಸಿ ಈಚೆ ತರುವಷ್ಟರಲ್ಲಿ ಹನ್ನೆರಡೂವರೆ.

ಹುಲಿ ಮಲಗುವ ಹೊತ್ತು ಅದೇ. ಅದರ ಓಡಾಟವೇನಿದ್ದರೂ ಬೆಳಿಗ್ಗೆ ಮತ್ತು ಸಂಜೆ ತಂಪಿನಲ್ಲಿ. ಮೇ ತಿಂಗಳ ಮಧ್ಯಾಹ್ನ ನೆರಳಿನಲ್ಲಿ ಕಾಲು ಚಾಚಿದ ಬೆಕ್ಕಿನ ಜಾತಿಯನ್ನು ಯಾರೂ ಎಬ್ಬಿಸಲಾರರು. "ಮೈಸೂರಲ್ಲಿ ಹುಲಿ ನಡೆದಾಡ್ತಾ ಇರತ್ತೆ" ಎನ್ನುತ್ತಾರೆ ಭಾವ. ಅಲ್ಲಿ ಅವರು ಬೆಳಿಗ್ಗೆ ಎಂಟೂವರೆಗೇ ಗೇಟಿನಲ್ಲಿರುತ್ತಾರೆ ಎಂಬುದನ್ನು ಹೇಳುವುದಿಲ್ಲ.

ಟಿಕೆಟ್ ದೊಡ್ಡವರಿಗೆ 50 ರೂಪಾಯಿ, ಮೂರರಿಂದ ಹನ್ನೆರಡು ವರ್ಷದ ಮಕ್ಕಳಿಗೆ 25. ಅಪ್ಪ, ಅಮ್ಮ, ಇಬ್ಬರು ಮಕ್ಕಳಿದ್ದರೆ ಕುಟುಂಬದ ಟಿಕೆಟ್, ಒಟ್ಟು 100. ಅಂದರೆ ಉಳಿಯುವುದು ಐವತ್ತು. ಈ ಐವತ್ತಕ್ಕಾಗಿ ಭಾವ ಎರಡು ಮನೆಯ ಮಕ್ಕಳನ್ನು ಅತ್ತಿತ್ತ ಹಂಚಿ ಹೊಸ ಹೊಸ ಕುಟುಂಬ ಕಟ್ಟುತ್ತಾ ನಿಲ್ಲುತ್ತಾರೆ. ಜೊತೆಗೆ ಬಂದ ಪಕ್ಕದ ಫ್ಲ್ಯಾಟಿನ ಸ್ನೇಹಿತರನ್ನು ಯಾವ ಕುಟುಂಬಕ್ಕೆ ಸೇರಿಸಬೇಕೆಂಬುದು ಕೌಂಟರಿನವರ ಕೈಯಲ್ಲೂ ಬಗೆಹರಿಯುವುದಿಲ್ಲ. ಹಿಂದಿನ ಸಾಲು ಮರಾಠಿಯಲ್ಲಿ ಗೊಣಗುತ್ತದೆ. ಉಳಿದ ಐವತ್ತರ ಮೇಲೆ ಇನ್ನೂ ನೂರು ಸೇರಿಸಿ ಗೇಟಿನಾಚೆ ಸೋಪಿನ ಗುಳ್ಳೆ ಬಿಡುವ ಪಿಸ್ತೂಲು ಕೊಳ್ಳುವುದು ಬೇರೆ ಲೆಕ್ಕ.

ನಿಜವಾದ ಗಲಾಟೆ ಪೆಂಗ್ವಿನ್ ಮನೆಯಲ್ಲಿ. 2016ರಲ್ಲಿ ದಕ್ಷಿಣ ಕೊರಿಯಾದ ಸೋಲ್‌ನಿಂದ ಎಂಟು ಹಂಬೋಲ್ಟ್ ಪೆಂಗ್ವಿನ್‌ಗಳನ್ನು ತಂದರು, 2017ರ ಮಾರ್ಚ್‌ನಿಂದ ಜನ ನೋಡುತ್ತಿದ್ದಾರೆ. ಮಂದಿ ಒಳಗೆ ನುಗ್ಗುವುದು ಅರ್ಧ ಪೆಂಗ್ವಿನ್‌ಗಾಗಿ, ಅರ್ಧ ಎ.ಸಿ.ಗಾಗಿ. ಮಕ್ಕಳು ಗಾಜಿಗೆ ಮೂಗು ಒತ್ತಿ ಉಸಿರು ಬಿಟ್ಟು ಮಂಜು ಕಟ್ಟಿಸಿರುತ್ತಾರೆ, ಹಿಂದಿನವರು ಫ್ಲ್ಯಾಶ್ ಹೊಡೆದು ಗಾಜಿನಲ್ಲಿ ತಮ್ಮದೇ ಫೋಟೋ ತೆಗೆದುಕೊಳ್ಳುತ್ತಾರೆ. ಫ್ಲ್ಯಾಶ್ ಆರಿಸಿ ಫೋನನ್ನು ಗಾಜಿಗೇ ಅಂಟಿಸಿ ಹಿಡಿದರೆ ಚೆನ್ನಾಗಿ ಬರುತ್ತದೆ, ಆದರೆ ಅಷ್ಟು ಹೊತ್ತು ನಿಲ್ಲಲು ಬಿಡಬೇಕಲ್ಲ. ಕಾವಲುಗಾರನದು ಒಂದೇ ಮಂತ್ರ: "ಚಲಾ, ಪುಢೇ ಚಲಾ!" ನಡೀರಿ, ಮುಂದೆ ನಡೀರಿ.

ಆ ನೂಕಾಟದ ನಡುವೆ ಭಾವ ಕಂಬದಂತೆ ನಿಂತು ಕೇಳುತ್ತಾರೆ: "ಐಸೇ ಇಲ್ವಲ್ಲಮ್ಮ?"

ಇರುವುದಿಲ್ಲ ಭಾವ. ಇವು ಅಂಟಾರ್ಕ್ಟಿಕಾದವಲ್ಲ; ಪೆರು, ಚಿಲಿ ದೇಶಗಳ ಕರಾವಳಿಯವು. ಅಲ್ಲಿ ದಂಡೆ ಮರುಭೂಮಿ, ಸಮುದ್ರ ಮಾತ್ರ ತಣ್ಣನೆಯದು, ದಕ್ಷಿಣದಿಂದ ತಂಪು ನೀರಿನ ಪ್ರವಾಹ ಹರಿದು ಬರುತ್ತದೆ. ಇವು ಐಸಿನ ಮೇಲಲ್ಲ, ಬಂಡೆಯ ಸಂದಿಯಲ್ಲಿ, ಬಿಲದಲ್ಲಿ ಗೂಡು ಮಾಡುವ ಜಾತಿ. ಅದಕ್ಕೇ ಒಳಗೆ 16ರಿಂದ 18 ಡಿಗ್ರಿ ಇಟ್ಟರೆ ಸಾಕು.

ಈ ಕೊನೆಯ ಮಾತು ಹೇಳಲೇಬಾರದು. ಭಾವನ ಮುಖ ಅರಳುತ್ತದೆ. "ಹದಿನಾರು ಡಿಗ್ರೀನಾ? ನಮ್ಮ ಮೈಸೂರಲ್ಲಿ ಡಿಸೆಂಬರ್ ಬೆಳಿಗ್ಗೆ ಅಷ್ಟೇ ಇರತ್ತೆ ಕಣಮ್ಮ! ಎ.ಸಿ.ನೇ ಬೇಡ, ಕಾರಂಜಿ ಕೆರೆಗೆ ಬಿಟ್ಟುಬಿಡಬಹುದು." ಏಪ್ರಿಲ್‌ನಲ್ಲೇನು ಮಾಡುತ್ತೀರಿ ಎಂದರೆ ಉತ್ತರವಿಲ್ಲ. ಕಾವಲುಗಾರ ಸೀಟಿ ಊದುತ್ತಾನೆ. ಭಾವ ಅವನಿಗೂ ಡಿಸೆಂಬರ್ ಬೆಳಗಿನ ವಿಷಯ ಹಿಂದಿಯಲ್ಲಿ ತಿಳಿಸುತ್ತಾರೆ. ಹೊರಗೆ ಬಂದು, ತಲೆ ಮೇಲೆ ಬಿಸಿಲು ಬಿದ್ದ ಮೇಲೂ ಕಾರಂಜಿ ಕೆರೆಯ ಯೋಜನೆ ನಿಲ್ಲುವುದಿಲ್ಲ, ಮೀನು ಎಲ್ಲಿಂದ ತರಿಸಬೇಕೆಂಬವರೆಗೂ ಹೋಗುತ್ತದೆ.

ಹಕ್ಕಿಗಳ ಪಂಜರದೊಳಗೆ ನಡೆದು ಹೋಗುವಾಗ ಟೋಪಿ ಇರಲಿ. ಕಾರಣ ಮೇಲಿನಿಂದ ಬೀಳುತ್ತದೆ.

ರಾಣಿಬಾಗ್ ಉದ್ಯಾನ 1862ರದು, ಮೈಸೂರು ಝೂ 1892ರದು, ನಾವೇ ಮೂವತ್ತು ವರ್ಷ ಹಿರಿಯರು ಎಂದು ವಾದಿಸಿ ನೋಡಬಹುದು. "ತೋಟ ತಾನೆ ಹಳೇದು? ಪ್ರಾಣಿ ಆಮೇಲೆ ಬಂದದ್ದು" ಎನ್ನುತ್ತಾರೆ. ಹಾಳಾದ್ದು, ಅದು ನಿಜ. ಆದರೆ ಆ ತೋಟವಿದೆಯಲ್ಲ, ಅದರ ದೊಡ್ಡ ಮರಗಳ ಕೆಳಗೆ ಕೂತು ಡಬ್ಬಿ ಬಿಚ್ಚಿದಾಗ ಭಾವನೂ ಸ್ವಲ್ಪ ಹೊತ್ತು ಸುಮ್ಮನಾಗುತ್ತಾರೆ. ಒಂದು ಕಾಲಕ್ಕೆ ಇಲ್ಲಿ ಆನೆ ಸವಾರಿ ಇತ್ತು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿದ ನಮ್ಮವರ ಪೀಳಿಗೆ ಈ ಊರಿನಲ್ಲಿ ಪುಕ್ಕಟೆ ನೆರಳು ಹುಡುಕಿದ್ದು ಇಂಥ ಕಡೆಗಳಲ್ಲೇ. ಈಗ ಆ ಹಿರಿಯರಲ್ಲಿ ಅನೇಕರಿಗೆ ಸ್ಟೇಷನ್ನಿನ ಮೆಟ್ಟಿಲು ಹತ್ತಲಾಗದು, ಫೋಟೋ ಕಳಿಸಿ ಎಂದು ಮನೆಯಲ್ಲೇ ಉಳಿಯುತ್ತಾರೆ.

ಹೊರಡುವಾಗ ಪಕ್ಕದ ಭಾವು ದಾಜಿ ಲಾಡ್ ವಸ್ತುಸಂಗ್ರಹಾಲಯದ ಬಳಿ ಕಲ್ಲಾನೆ ತೋರಿಸಿ. ಇದು ಎಲಿಫೆಂಟಾ ದ್ವೀಪದ ಆನೆ, ದ್ವೀಪಕ್ಕೆ ಆ ಹೆಸರು ಬಂದದ್ದೇ ಇದರಿಂದ. 1864ರಲ್ಲಿ ಇಂಗ್ಲೆಂಡಿಗೆ ಸಾಗಿಸಲೆಂದು ಎತ್ತುವಾಗ ಬಿದ್ದು ಚೂರಾಯಿತು, 1914ರಲ್ಲಿ ಚೂರುಗಳನ್ನು ಜೋಡಿಸಿ ನಿಲ್ಲಿಸಿದರು. ಮೈಸೂರಿನಲ್ಲಿಲ್ಲದ ಆನೆ. ಭಾವ ಸುತ್ತಲೂ ನಡೆದು, ಬೆಸುಗೆ ಹುಡುಕಿ, ಮೊದಲ ಬಾರಿಗೆ ಮೆಚ್ಚುತ್ತಾರೆ. "ನಾಳೆ ಆ ದ್ವೀಪಕ್ಕೇ ಹೋಗಿಬಿಡೋಣ."

ನಾಳೆ ಸೋಮವಾರ, ಎಲಿಫೆಂಟಾ ಗುಹೆಗಳಿಗೆ ರಜೆ.

"ನಮ್ಮಲ್ಲಿ ಮಂಗಳವಾರ ಅಷ್ಟೇಮ್ಮ ರಜೆ."