ಪ್ರಿಂಟರ್‌ಗೆ ಇನ್ನೊಂದು ಕಂಪ್ಯೂಟರಿನ ಹಂಗು ಯಾಕೆ?

ಮನೆಯಲ್ಲಿ ಪ್ರಿಂಟರ್ ಒಂದೇ, ಕಂಪ್ಯೂಟರುಗಳು ಮಾತ್ರ ಬೇರೆ ಬೇರೆ ಕಾಲದವು. ಈ ಪೇಚು ಈಗ ಬಹಳ ಮನೆಗಳಲ್ಲಿದೆ. ನೆಂಟರಿಷ್ಟರು ಕೇಳಿದಾಗಲೆಲ್ಲ ಫೋನಿನಲ್ಲಿ ಅರ್ಧಂಬರ್ಧ ಹೇಳಿ ನನಗೂ ಸಾಕಾಗಿದೆ. ಹಾಗಾಗಿ ಎಲ್ಲವನ್ನೂ ಒಂದೇ ಸಲ ಇಲ್ಲಿ ಬರೆಯುತ್ತಿದ್ದೇನೆ. ಉದ್ದ ಇದೆ, ಪುರುಸೊತ್ತಿದ್ದರೆ ಓದಿ.

ನಾನು ಹೇಳುವುದು ಇಷ್ಟೇ. ಪ್ರಿಂಟರನ್ನು ಒಂದು ಕಂಪ್ಯೂಟರಿಗೆ ಕಟ್ಟಿಹಾಕಿ, ಅಲ್ಲಿಂದ ಉಳಿದವಕ್ಕೆ ಹಂಚುವ ಪದ್ಧತಿಯನ್ನು ಬಿಡಿ. ವಿಂಡೋಸ್‌ನ ಶೇರಿಂಗ್ ಹಳೆಯದು ಹಳೆಯದರ ಜೊತೆ, ಹೊಸದು ಹೊಸದರ ಜೊತೆ ಚೆನ್ನಾಗಿಯೇ ನಡೆಯುತ್ತದೆ. ಎರಡು ಕಾಲದ ಮಷೀನುಗಳ ನಡುವೆ ಮಾತ್ರ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಇವತ್ತು ನಡೆದರೂ ಮುಂದಿನ ಅಪ್‌ಡೇಟ್‌ಗೆ ಕೆಡಬಹುದು.

ನಮ್ಮ ಮನೆಯ ಕಥೆ ಹೇಳಿದರೆ ಅರ್ಥವಾಗುತ್ತದೆ. ನಮ್ಮ ಮಾವನವರು ಪತ್ರ ಬರಹಗಾರರು. ಸಬ್ ರಿಜಿಸ್ಟ್ರಾರ್ ಕಚೇರಿ ಎದುರಿನ ಅಂಗಡಿ ಮುಚ್ಚಿ ವರ್ಷಗಳಾದವು. ಆದರೂ ಹಳೆಯ ಪಾರ್ಟಿಗಳು ಮನೆ ಹುಡುಕಿಕೊಂಡು ಬರುತ್ತಾರೆ. ಕ್ರಯಪತ್ರ, ವಿಭಾಗಪತ್ರ, ದಾನಪತ್ರ, ಎಲ್ಲದರ ಮಾದರಿಯೂ ಅವರ ವಿಂಡೋಸ್ 7 ಕಂಪ್ಯೂಟರಿನಲ್ಲಿದೆ. ಎಲ್ಲವೂ ನುಡಿ ಅನ್ನುವ ಕನ್ನಡ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದು, ಈಗ ಎಲ್ಲ ಕಡೆ ನಡೆಯುವ ಯೂನಿಕೋಡ್ ಅಲ್ಲ. ನನ್ನದು ವಿಂಡೋಸ್ 11 ಲ್ಯಾಪ್‌ಟಾಪ್. ಮನೆಯವರದ್ದು ಆಫೀಸಿನವರು ಕೊಟ್ಟಿದ್ದು, ಅದರಲ್ಲಿ ಕಂಪನಿಯ ಅನುಮತಿ ಇಲ್ಲದೆ ಒಂದು ಡ್ರೈವರ್ (ಕಂಪ್ಯೂಟರಿನ ಮಾತನ್ನು ಪ್ರಿಂಟರಿಗೆ ಮುಟ್ಟಿಸುವ ತಂತ್ರಾಂಶ) ಕೂಡ ಹಾಕುವಂತಿಲ್ಲ. ಮಗ ಎಲ್ಲವನ್ನೂ ಫೋನಿನಲ್ಲೇ ಮಾಡುತ್ತಾನೆ. ಇಷ್ಟು ಜನಕ್ಕೆ ಯುಎಸ್‌ಬಿ ಮಾತ್ರ ಇರುವ ಒಂದು ಹಳೇ ಕಪ್ಪು-ಬಿಳುಪು ಲೇಸರ್ ಪ್ರಿಂಟರ್.

"ಹಳೇ ಕಂಪ್ಯೂಟರ್ ಎಸೆದುಬಿಡಿ" ಅಂತ ಸಲಹೆ ಕೊಡುವವರು ಇದ್ದೇ ಇರುತ್ತಾರೆ. ಯಾಕೆ ಎಸೆಯಬೇಕು ಹೇಳಿ? ನುಡಿಯ ಹಳೇ ಫೈಲನ್ನು ಆ ಫಾಂಟ್ ಇಲ್ಲದ ಕಡೆ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೋಜಲು ಕಾಣುತ್ತದೆ. ಫಾಂಟ್ ಹಾಕಿಕೊಂಡರೆ ಅಕ್ಷರ ಸರಿಹೋಗುತ್ತದೆ, ಆದರೆ ಬೇರೆ ವರ್ಡ್‌ನಲ್ಲಿ ಸಾಲು, ಪುಟ ಮುರಿಯುವ ಜಾಗ ಬದಲಾಗಬಹುದು. ಕ್ರಯಪತ್ರದಲ್ಲಿ ಷೆಡ್ಯೂಲಿನ ಚಕ್ಕುಬಂದಿ ಅರ್ಧ ಈ ಪುಟದಲ್ಲಿ, ಅರ್ಧ ಆ ಪುಟದಲ್ಲಿ ಬಂದರೆ ಮಾವನವರಿಗೆ ಸಹಿಸಲಾಗದು. ಎಪ್ಪತ್ತು ದಾಟಿದವರು, ಬೆರಳಿಗೆ ನುಡಿಯ ಕೀಲಿಮಣೆ ಅಭ್ಯಾಸವಾಗಿದೆ. ಅವರ ಕಂಪ್ಯೂಟರ್ ಹಾಗೇ ಇರಲಿ. ಬದಲಾಗಬೇಕಾದ್ದು ಪ್ರಿಂಟರಿನ ಜಾಗ.

ಅವರ ಅಂಗಡಿಯಲ್ಲಿ ಮೊದಲು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಇತ್ತು. ಕಂಪ್ಯೂಟರ್ ಎರಡು. ನಡುವೆ ಒಂದು ತಗಡಿನ ಡಬ್ಬಿ, ಅದರ ಮೇಲೆ ತಿರುಗಿಸುವ ಗುಬುಟು. ಎ ಕಡೆ ತಿರುಗಿಸಿದರೆ ಮಾವನವರ ಕಂಪ್ಯೂಟರ್, ಬಿ ಕಡೆ ತಿರುಗಿಸಿದರೆ ಸಹಾಯಕರದ್ದು. ಪಾಸ್‌ವರ್ಡ್ ಇಲ್ಲ, ಅಪ್‌ಡೇಟ್ ಇಲ್ಲ. "ನಿಮ್ಮ ವೈಫೈಗಿಂತ ನಮ್ಮ ಗುಬುಟೇ ವಾಸಿ ಕಣಮ್ಮಾ" ಅಂತ ಈಗಲೂ ನನ್ನ ಕಾಲೆಳೆಯುತ್ತಾರೆ. ಅವರ ಮಾತಿನಲ್ಲಿ ನಿಜ ಇದೆ. ಆ ಪ್ರಿಂಟರಿಗೆ ತನ್ನದೇ ಭಾಷೆ ಇತ್ತು. ಎಪ್ಸನ್‌ನವರ ಇಎಸ್‌ಸಿ/ಪಿ ಅನ್ನುವ ಆಜ್ಞೆಗಳನ್ನು ಬೇರೆ ಕಂಪನಿಗಳ ಡಾಟ್ ಮ್ಯಾಟ್ರಿಕ್ಸ್‌ಗಳೂ ಪಾಲಿಸುತ್ತಿದ್ದವು. ಲೇಸರ್ ಪ್ರಿಂಟರುಗಳಿಗೂ ಹಾಗೆಯೇ ಎಚ್‌ಪಿಯ ಪಿಸಿಎಲ್ ಮತ್ತು ಅಡೋಬಿಯ ಪೋಸ್ಟ್‌ಸ್ಕ್ರಿಪ್ಟ್ ಬಂದವು. ಎರಡೂ 1984ರ ಹೊತ್ತಿನವು, ಎರಡೂ ಇವತ್ತಿಗೂ ಚಾಲ್ತಿಯಲ್ಲಿವೆ. ಇವುಗಳಲ್ಲಿ ಒಂದನ್ನು ಬಲ್ಲ ಪ್ರಿಂಟರನ್ನು ಯಾವ ಕಾಲದ ಕಂಪ್ಯೂಟರಿಗಾದರೂ ಹೊಂದಿಸಬಹುದು.

ಕೆಟ್ಟಿದ್ದು ಅಗ್ಗದ ಲೇಸರ್ ಪ್ರಿಂಟರುಗಳು ಬಂದ ಮೇಲೆ. ಬೆಲೆ ಇಳಿಸಲು ಪ್ರಿಂಟರಿನೊಳಗಿನ ಬುದ್ಧಿಯನ್ನೇ ತೆಗೆದರು. ಪುಟದ ಚಿತ್ರವನ್ನು ಪೂರ್ತಿ ಕಂಪ್ಯೂಟರೇ ಸಿದ್ಧ ಮಾಡಿ ಕೊಡಬೇಕು, ಪ್ರಿಂಟರ್ ಅದನ್ನು ಕಾಗದದ ಮೇಲೆ ಒತ್ತುತ್ತದೆ, ಅಷ್ಟೇ. ಸೂತ್ರದವನು ಎದ್ದುಹೋದರೆ ಗೊಂಬೆ ಕುಣಿಯುವುದಿಲ್ಲ. ಇಲ್ಲಿ ಸೂತ್ರದವನು ಡ್ರೈವರ್. ಅದು ಆಯಾ ಕಂಪನಿಯದ್ದೇ ಆಗಬೇಕು, ಆಯಾ ವಿಂಡೋಸ್‌ಗೇ ಬರೆದಿರಬೇಕು, 32 ಬಿಟ್‌ಗೆ ಒಂದು, 64 ಬಿಟ್‌ಗೆ ಇನ್ನೊಂದು. ಹಾಗಂತ ಈ ಪ್ರಿಂಟರುಗಳನ್ನು ನಾನು ಬೈಯುವುದಿಲ್ಲ. ಎಚ್‌ಪಿ ಲೇಸರ್‌ಜೆಟ್ 1020, ಕ್ಯಾನನ್ ಎಲ್‌ಬಿಪಿ 2900 ನೋಡಿ. ನಮ್ಮೂರಿನ ಜೆರಾಕ್ಸ್ ಅಂಗಡಿಗಳಲ್ಲಿ ಟೋನರ್ ತುಂಬಿಸಿ ತುಂಬಿಸಿ ಇನ್ನೂ ಓಡಿಸುತ್ತಿದ್ದಾರೆ. ಗಟ್ಟಿ ಪಿಂಡಗಳು. ಅವುಗಳ ಗೇರು, ರೋಲರಿಗೆ ಇನ್ನೂ ಆಯಸ್ಸಿರುತ್ತದೆ. ಮೊದಲು ಮುಗಿಯುವುದು ಡ್ರೈವರಿನ ಆಯಸ್ಸು.

ಇನ್ನು ವಿಂಡೋಸ್ ಶೇರಿಂಗ್. 2009ರಲ್ಲಿ ವಿಂಡೋಸ್ 7 ಜೊತೆ ಹೋಮ್‌ಗ್ರೂಪ್ ಅಂತ ಒಂದು ಸೌಲಭ್ಯ ಬಂತು. ಮನೆಮಂದಿಗೆಲ್ಲ ಒಂದು ಪಾಸ್‌ವರ್ಡ್ ಕೊಟ್ಟರೆ ಮುಗೀತು, ಪ್ರಿಂಟರ್ ತಾನಾಗಿ ಕಾಣುತ್ತಿತ್ತು. 2018ರಲ್ಲಿ ವಿಂಡೋಸ್ 10ರಿಂದ ಅದನ್ನು ತೆಗೆದುಹಾಕಿದರು. ಅದಕ್ಕೂ ಮೊದಲು, 2017ರ ಮೇನಲ್ಲಿ, ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವಾನಾಕ್ರೈ ವೈರಸ್ಸಿನ ದಾಳಿ ನಡೆದಿತ್ತು. ಎಸ್‌ಎಂಬಿ 1 ಅನ್ನುವ ಹಳೇ ಹಂಚಿಕೆ ಪದ್ಧತಿಯಲ್ಲಿದ್ದ ತೂತಿನಿಂದ ಅದು ಹರಡಿತು. ಅದೇ ವರ್ಷದ ಕೊನೆಯ ಭಾಗದಲ್ಲಿ ಬಂದ ವಿಂಡೋಸ್ 10ರ ಹೊಸ ಆವೃತ್ತಿಯಿಂದ, ಹೊಸದಾಗಿ ಇನ್‌ಸ್ಟಾಲ್ ಮಾಡಿದ ಕಂಪ್ಯೂಟರುಗಳಲ್ಲಿ ಎಸ್‌ಎಂಬಿ 1 ಬರುವುದು ನಿಂತಿತು. ವಿಂಡೋಸ್ ಎಕ್ಸ್‌ಪಿಗೆ ಗೊತ್ತಿರುವುದು ಅದೊಂದೇ. ಹಾಗಾಗಿ ಎಕ್ಸ್‌ಪಿಗೂ ಹೊಸ ಕಂಪ್ಯೂಟರುಗಳಿಗೂ ಮಾತುಕತೆಯೇ ನಿಂತುಹೋಯಿತು.

ಆಮೇಲೆ 2021ರ ಪ್ರಿಂಟ್‌ನೈಟ್‌ಮೇರ್. ವಿಂಡೋಸ್‌ನಲ್ಲಿ ಪ್ರಿಂಟ್ ಕೆಲಸಗಳನ್ನು ಸಾಲಿನಲ್ಲಿ ನಿಲ್ಲಿಸುವ ಸ್ಪೂಲರ್ ಅನ್ನುವ ಭಾಗದಲ್ಲೇ ದೊಡ್ಡ ತೂತು. ಮೈಕ್ರೋಸಾಫ್ಟ್ ಜುಲೈನಲ್ಲಿ ತುರ್ತಾಗಿ ತೇಪೆ ಹಾಕಿತು. ಆಗಸ್ಟ್‌ನಿಂದ, ಹಂಚಿಕೊಂಡ ಪ್ರಿಂಟರಿನ ಡ್ರೈವರ್ ಇಳಿಸಿಕೊಳ್ಳಲು ಅಡ್ಮಿನ್ ಅನುಮತಿ ಬೇಕೇ ಬೇಕು ಅಂತಾಯಿತು. ಸೆಪ್ಟೆಂಬರ್ ಅಪ್‌ಡೇಟ್ ಬಂದ ಮೇಲೆ ಎಷ್ಟೋ ಮನೆ, ಕಚೇರಿಗಳಲ್ಲಿ 11ಬಿ ಎಂದು ಕೊನೆಯಾಗುವ ಎರರ್ ಕಾಣಿಸಿಕೊಂಡಿತು. ಎರಡು ಕಂಪ್ಯೂಟರ್ ಪ್ರಿಂಟ್ ವಿಷಯ ಮಾತಾಡುವಾಗ ಹೆಚ್ಚು ಬಿಗಿಯಾಗಿ ಗುರುತು ತೋರಿಸಬೇಕು ಅನ್ನುವ ನಿಯಮ ಜಾರಿಗೆ ಬಂದಿತ್ತು. ಒಂದರಲ್ಲಿ ಅಪ್‌ಡೇಟ್ ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಕೆಲಸ ನಿಂತಿತು. 2024ರಲ್ಲಿ ವಿಂಡೋಸ್ 11ರ 24ಎಚ್2 ಅನ್ನುವ ಅಪ್‌ಡೇಟ್ ಬಂದಾಗ ಪ್ರೊ ಆವೃತ್ತಿಯಲ್ಲಿ ಪಾಸ್‌ವರ್ಡ್ ಇಲ್ಲದ ಅತಿಥಿ ಲಾಗಿನ್ ಕೂಡ ಬಂದ್.

ಈ ಬಿಗಿ ಎಲ್ಲ ಬೇಕಾಗಿದ್ದೇ. ನನ್ನ ಸಿಟ್ಟು ಇರುವುದು ಯೂಟ್ಯೂಬ್‌ನ ಸಲಹೆಗಳ ಮೇಲೆ. "ಎರಡೇ ನಿಮಿಷದಲ್ಲಿ ಸರಿಮಾಡಿ" ಅನ್ನುವ ವಿಡಿಯೊಗಳಲ್ಲಿ ಏನು ಹೇಳಿಕೊಡುತ್ತಾರೆ ಗೊತ್ತಾ? ವಿಂಡೋಸ್‌ನ ಒಳಗಿನ ಸೆಟ್ಟಿಂಗುಗಳಿರುವ ರಿಜಿಸ್ಟ್ರಿಗೆ ಹೋಗಿ ಒಂದು ಸಾಲಿಗೆ ಸೊನ್ನೆ ಹಾಕಿ, ಎಸ್‌ಎಂಬಿ 1 ಆನ್ ಮಾಡಿ, ಫೈರ್‌ವಾಲ್ ಆಫ್ ಮಾಡಿ. ಆ ಸೊನ್ನೆ ಹಾಕಿದರೆ 2021ರಲ್ಲಿ ಕೊಟ್ಟ ರಕ್ಷಣೆಯನ್ನು ನೀವೇ ತೆಗೆದ ಹಾಗೆ. ಇನ್ನು ವಿಂಡೋಸ್ 7ಕ್ಕೆ ಎಸ್‌ಎಂಬಿ 1 ಬೇಕಾಗಿಯೇ ಇಲ್ಲ. ಅದಕ್ಕೆ ಎಸ್‌ಎಂಬಿ 2 ಬರುತ್ತದೆ. ಸುಮ್ನೆ ಬಾಗಿಲು ತೆರೆದಿಡುವ ಕೆಲಸ. ಬ್ಯಾಂಕ್ ವ್ಯವಹಾರ ನಡೆಯುವ ಲ್ಯಾಪ್‌ಟಾಪಿನಲ್ಲಿ ಒಂದು ಪ್ರಿಂಟಿಗೋಸ್ಕರ ಇದನ್ನೆಲ್ಲ ಮಾಡಬೇಕಾ?

ಅದೂ ಅಲ್ಲದೆ, ಶೇರಿಂಗ್ ನೆಟ್ಟಗಿದ್ದರೂ ಮಾವನವರ ಕಂಪ್ಯೂಟರ್ ಆನ್ ಇದ್ದರೆ ಮಾತ್ರ ಉಳಿದವರಿಗೆ ಪ್ರಿಂಟ್. ರಾತ್ರಿ ಒಂಬತ್ತಕ್ಕೆ ಮಗನಿಗೆ ನಾಳೆಯ ಪ್ರಾಜೆಕ್ಟ್ ನೆನಪಾಗುತ್ತದೆ. ಅಷ್ಟೊತ್ತಿಗೆ ಅಜ್ಜ ಮಲಗಿ, ಕಂಪ್ಯೂಟರಿನ ಮೇನ್ ಸ್ವಿಚ್ಚೂ ಆಫ್ ಆಗಿರುತ್ತದೆ.

ಹಾಗಾದರೆ ದಾರಿ ಏನು? ಪ್ರಿಂಟರಿಗೆ ವೈಫೈ ಅಥವಾ ಲ್ಯಾನ್ ಇದ್ದರೆ ಯೋಚನೆಯೇ ಬೇಡ. ಯುಎಸ್‌ಬಿ ಕೇಬಲ್ ಕಿತ್ತು ರೂಟರಿಗೆ ಸೇರಿಸಿ. ಒಂದು ಕೆಲಸ ಮಾತ್ರ ಮರೆಯಬೇಡಿ. ರೂಟರಿನ ಸೆಟ್ಟಿಂಗಿಗೆ ಹೋಗಿ ಪ್ರಿಂಟರಿಗೆ ಒಂದು ಐಪಿ ವಿಳಾಸವನ್ನು (ಮನೆಯ ನೆಟ್‌ವರ್ಕಿನಲ್ಲಿ ಅದನ್ನು ಗುರುತಿಸುವ ನಂಬರ್) ಕಾಯಂ ಮಾಡಿ. ನಮ್ಮ ಕಡೆ ಕರೆಂಟ್ ಹೋಗಿ ಬಂದಾಗ ರೂಟರ್ ರೀಸ್ಟಾರ್ಟ್ ಆಗುತ್ತದೆ, ಪ್ರಿಂಟರಿಗೆ ಬೇರೆ ವಿಳಾಸ ಸಿಗುವುದೂ ಉಂಟು. ಪ್ರಿಂಟರ್ ಮುಂದೆ ಹಸಿರು ದೀಪ ಉರಿಯುತ್ತಿರುತ್ತದೆ, ಕಂಪ್ಯೂಟರ್ ಮಾತ್ರ "ಆಫ್‌ಲೈನ್" ಅನ್ನುತ್ತದೆ. ಬಹಳ ಜನ ಇದನ್ನೇ ಪ್ರಿಂಟರ್ ಕೆಟ್ಟಿದೆ ಅಂದುಕೊಂಡು ಮೆಕ್ಯಾನಿಕ್ ಕರೆಸುತ್ತಾರೆ. ಹಳೇ ವೈಫೈ ಪ್ರಿಂಟರುಗಳಲ್ಲಿ ಹೆಚ್ಚಿನವು ರೂಟರಿನ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಹಿಡಿಯುತ್ತವೆ, 5 ಗಿಗಾಹರ್ಟ್ಸ್‌ನದ್ದು ಅವಕ್ಕೆ ಕಾಣುವುದಿಲ್ಲ ಅನ್ನುವುದೂ ನೆನಪಿರಲಿ.

ಯುಎಸ್‌ಬಿ ಮಾತ್ರ ಇದ್ದರೆ, ಪ್ರಿಂಟರಿಗೇ ಅಂತ ಒಂದು ಪುಟ್ಟ ಕಂಪ್ಯೂಟರ್ ಕೊಡಿ. ನಮ್ಮಲ್ಲಿ ಮಾಡಿದ್ದು ಇದೇ. ಅಂಗೈ ಅಗಲದ ರಾಸ್ಪ್‌ಬೆರಿ ಪೈ, ಅದರಲ್ಲಿ ವಿಂಡೋಸ್ ಬದಲು ಲಿನಕ್ಸ್, ಲಿನಕ್ಸ್‌ನಲ್ಲಿ ಪ್ರಿಂಟಿನ ಕೆಲಸ ನೋಡಿಕೊಳ್ಳುವ ಕಪ್ಸ್ ಅನ್ನುವ ತಂತ್ರಾಂಶ. ಕಪ್ಸ್ ಹೊಸದೇನಲ್ಲ. ಮೈಕೆಲ್ ಸ್ವೀಟ್ ಅನ್ನುವವರು ಶುರುಮಾಡಿದ್ದು, 1999ರಲ್ಲಿ ಹೊರಬಂತು. 2002ರಲ್ಲಿ ಆಪಲ್ ಅದನ್ನು ಮ್ಯಾಕ್‌ಗೆ ತೆಗೆದುಕೊಂಡಿತು, 2007ರಲ್ಲಿ ಕೋಡನ್ನೇ ಕೊಂಡುಕೊಂಡಿತು. ಅದು ಆಡುವ ಭಾಷೆ ಐಪಿಪಿ, ಅಂದರೆ ನೆಟ್‌ವರ್ಕ್ ಮೂಲಕ ಪ್ರಿಂಟ್ ಕಳಿಸಲು ಎಲ್ಲ ಕಂಪನಿಗಳೂ ಬಳಸುವ ಪದ್ಧತಿ. ಈಗಿನ ಫೋನು, ಲ್ಯಾಪ್‌ಟಾಪುಗಳಿಗೆ ಈ ಐಪಿಪಿ ಹುಟ್ಟಿನಿಂದಲೇ ಬರುತ್ತದೆ. ಡ್ರೈವರ್ ಹಾಕದೆ ಐಫೋನಿನಿಂದ ಪ್ರಿಂಟ್ ಕೊಡುವ ಆಪಲ್‌ನವರ ಏರ್‌ಪ್ರಿಂಟ್ ನಿಂತಿರುವುದೂ ಇದರ ಮೇಲೆಯೇ.

ಹೀಗಾಗಿ ಮಗನ ಫೋನಿನಲ್ಲಿ ಪ್ರಿಂಟರ್ ತಾನಾಗಿ ಕಾಣುತ್ತದೆ. ಮನೆಯವರ ಆಫೀಸ್ ಲ್ಯಾಪ್‌ಟಾಪಿನಲ್ಲಿ ಪ್ರಿಂಟರ್ ಕಂಪನಿಯ ಡ್ರೈವರ್ ಹಾಕದೆಯೇ ಪ್ರಿಂಟ್ ಬರುತ್ತದೆ. ಪ್ರಿಂಟರಿನ ನಿಜವಾದ ಡ್ರೈವರ್ ಇರುವುದು ಪೈ ಒಳಗೆ ಮಾತ್ರ. ಅದನ್ನು ಒಂದೇ ಕಡೆ ನೋಡಿಕೊಂಡರೆ ಸಾಕು.

ವಿಂಡೋಸ್ 7ರದ್ದು ಸ್ವಲ್ಪ ಕಿತಾಪತಿ, ಆದರೆ ನನಗೆ ಬಹಳ ಇಷ್ಟವಾದ ಭಾಗವೂ ಅದೇ. ಅದಕ್ಕೆ ಡ್ರೈವರ್ ಇಲ್ಲದ ಪ್ರಿಂಟಿಂಗ್ ಗೊತ್ತಿಲ್ಲ. ಆದರೆ ಇಂಟರ್ನೆಟ್ ಪ್ರಿಂಟಿಂಗ್ ಅನ್ನುವ ಹೆಸರಿನಲ್ಲಿ ಐಪಿಪಿಯ ಹಳೇ ರೂಪ ಅದರೊಳಗಿದೆ. ಪ್ರಿಂಟರ್ ಸೇರಿಸುವಾಗ ಹೆಸರಿನ ಜಾಗದಲ್ಲಿ ಕಪ್ಸ್‌ನ ವಿಳಾಸ ಕೊಡಬೇಕು, ಪೋರ್ಟ್ ಸಂಖ್ಯೆ 631. ಡ್ರೈವರ್ ಕೇಳಿದಾಗ ವಿಂಡೋಸ್ 7ರಲ್ಲೇ ಇರುವ ಯಾವುದಾದರೂ ಪೋಸ್ಟ್‌ಸ್ಕ್ರಿಪ್ಟ್ ಡ್ರೈವರ್ ಆರಿಸಿ. ನಾನು ಎಚ್‌ಪಿಯ ಒಂದು ಕಲರ್ ಲೇಸರ್‌ಜೆಟ್‌ನ ಹೆಸರು ಆರಿಸಿದೆ. ನಮ್ಮದು ಕಪ್ಪು-ಬಿಳುಪು ಪ್ರಿಂಟರ್, ಕಂಪನಿಯೂ ಬೇರೆ. ಪಾಪ, ವಿಂಡೋಸ್ 7 ದೊಡ್ಡ ಕಲರ್ ಪ್ರಿಂಟರಿಗೇ ಕಳಿಸುತ್ತಿದ್ದೇನೆ ಅಂದುಕೊಂಡು ಪೋಸ್ಟ್‌ಸ್ಕ್ರಿಪ್ಟ್ ಕಳಿಸುತ್ತದೆ. ಕಪ್ಸ್ ಅದನ್ನು ನಮ್ಮ ಪ್ರಿಂಟರಿಗೆ ಬೇಕಾದ ಹಾಗೆ ಬದಲಿಸುತ್ತದೆ. ನುಡಿಯ ಅಕ್ಷರ, ಪುಟದ ಅಂಚು ಎಲ್ಲ ಇದ್ದ ಹಾಗೇ ಬರುತ್ತದೆ. ಮಾವನವರಿಗೆ ಈ ಸುಳ್ಳು ಕೇಳಿ ಖುಷಿಯೋ ಖುಷಿ.

ಪೈ ಕೊಳ್ಳುವ ಮುಂಚೆ ಒಂದು ವಿಷಯ ನೋಡಿಕೊಳ್ಳಿ. ಎಲ್ಲ ಪ್ರಿಂಟರಿಗೂ ಲಿನಕ್ಸ್ ಡ್ರೈವರ್ ಒಂದೇ ಥರ ಇಲ್ಲ. ಲೇಸರ್‌ಜೆಟ್ 1020 ಥರದ್ದಕ್ಕೆ ಹವ್ಯಾಸಿಗಳು ಬರೆದ ಮುಕ್ತ ಡ್ರೈವರ್ ಇದೆ, ಪೈನಲ್ಲೂ ಓಡುತ್ತದೆ. ಆದರೆ ಪ್ರಿಂಟರ್ ಆನ್ ಮಾಡಿದಾಗಲೆಲ್ಲ ಅದಕ್ಕೆ ಫರ್ಮ್‌ವೇರ್ (ಪ್ರಿಂಟರಿನೊಳಗೆ ಓಡುವ ತಂತ್ರಾಂಶ) ಮತ್ತೆ ಕಳಿಸಬೇಕು. ಒಮ್ಮೆ ಸರಿಯಾಗಿ ಹೊಂದಿಸಿದರೆ ಅದು ತಾನೇ ಕಳಿಸಿಕೊಳ್ಳುತ್ತದೆ. ಎಲ್‌ಬಿಪಿ 2900ಗೆ ಕ್ಯಾನನ್ ಕೊಟ್ಟ ಲಿನಕ್ಸ್ ಡ್ರೈವರ್ ಇಂಟೆಲ್ ಮಾದರಿಯ ಪ್ರೊಸೆಸರಿಗೆ ಮಾಡಿದ್ದು, ಪೈ ಮೇಲೆ ನೇರವಾಗಿ ಓಡುವುದಿಲ್ಲ. ಅಂಥವರು ಅಟ್ಟದ ಮೇಲಿರುವ ಹಳೇ ಲ್ಯಾಪ್‌ಟಾಪ್ ಇಳಿಸಿ ಅದಕ್ಕೆ ಲಿನಕ್ಸ್ ಹಾಕಿ. ಸ್ಕ್ರೀನ್ ಒಡೆದಿದ್ದರೂ ಪರವಾಗಿಲ್ಲ.

ಇಷ್ಟೆಲ್ಲ ರಗಳೆ ಬೇಡ ಅನ್ನುವವರಿಗೆ ಪಿಡಿಎಫ್ ಇದೆ. ಹಳೇ ಕಂಪ್ಯೂಟರಿನಲ್ಲಿ ಪಿಡಿಎಫ್ ಮಾಡಿ, ಪೆನ್‌ಡ್ರೈವ್‌ನಲ್ಲಿ ತಂದು ಹೊಸದರಿಂದ ಪ್ರಿಂಟ್ ತೆಗೆಯಿರಿ. ಫಾಂಟ್ ಪಿಡಿಎಫ್ ಒಳಗೇ ಸೇರಿಕೊಳ್ಳುವುದರಿಂದ ಅಕ್ಷರ ಕೆಡುವುದಿಲ್ಲ. ವಿಂಡೋಸ್ 7ರಲ್ಲಿ ಪಿಡಿಎಫ್‌ಗೆ ಪ್ರಿಂಟ್ ಮಾಡುವ ಆಯ್ಕೆ ಇಲ್ಲ, ಅದು ಬಂದಿದ್ದು ವಿಂಡೋಸ್ 10ರಲ್ಲಿ. ಆದರೆ ವರ್ಡ್ 2010 ಇದ್ದರೆ ಸೇವ್ ಮಾಡುವಾಗಲೇ ಪಿಡಿಎಫ್ ಆರಿಸಬಹುದು. ತಿಂಗಳಿಗೆ ಒಂದೆರಡು ಪತ್ರ ಮಾಡುವವರಿಗೆ ಇದೇ ಸಾಕು. ಎಷ್ಟೋ ಮನೆಗೆ ಹೋಗಿ ನಾನೇ ಇದನ್ನು ಹೇಳಿಕೊಟ್ಟು, ಕಾಫಿ ಕುಡಿದು ಬಂದಿದ್ದೇನೆ.

ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2020ರ ಜನವರಿ 14ಕ್ಕೇ ಮುಗಿದಿದೆ. ಅದನ್ನು ಇಂಟರ್ನೆಟ್ಟಿಗೆ ಬಿಡಬೇಡಿ. ಕೆಲವು ರೂಟರುಗಳಲ್ಲಿ ಒಂದು ಮಷೀನಿಗೆ ಹೊರಗಿನ ಸಂಪರ್ಕ ಮಾತ್ರ ತಡೆಯುವ ಆಯ್ಕೆ ಇರುತ್ತದೆ, ಮಕ್ಕಳ ಮೇಲಿನ ನಿಯಂತ್ರಣ ಅನ್ನುವ ಕಡೆ ನೋಡಿ. ಮಾವನವರ ಕಂಪ್ಯೂಟರಿಗೆ ಪ್ರಿಂಟರ್ ಸಿಗುತ್ತದೆ, ಹೊರಜಗತ್ತು ಸಿಗುವುದಿಲ್ಲ. ವಾಟ್ಸಾಪ್ ಅವರಿಗೆ ಫೋನಿನಲ್ಲಿದೆ, ಅದು ಸಾಕಷ್ಟು ಜಾಸ್ತಿಯೇ ಇದೆ.

ಹೊಸ ಪ್ರಿಂಟರ್ ಕೊಳ್ಳುವವರು ಡಬ್ಬಿಯ ಮೇಲೆ ಏರ್‌ಪ್ರಿಂಟ್ ಅಥವಾ ಮೊಪ್ರಿಯಾ ಅನ್ನುವ ಗುರುತು ಇದೆಯಾ ನೋಡಿ. ಕಂಪನಿಯ ಡ್ರೈವರ್ ಇಲ್ಲದೆ ಪ್ರಿಂಟ್ ಬರುತ್ತದೆ ಅನ್ನುವುದಕ್ಕೆ ಅದು ಗುರುತು. ಅಂಗಡಿಯವರು ಪುಟಕ್ಕೆ ಎಷ್ಟು ಪೈಸೆ ಅಂತ ಹೇಳುತ್ತಾರೆ, ಇದನ್ನು ನೀವೇ ಕೇಳಬೇಕು. ವಿಂಡೋಸ್ ಅಪ್‌ಡೇಟ್ ಮೂಲಕ ಬೇರೆ ಕಂಪನಿಗಳ ಪ್ರಿಂಟರ್ ಡ್ರೈವರ್ ಹಂಚುವುದನ್ನು ಹಂತಹಂತವಾಗಿ ಕೈಬಿಡುವುದಾಗಿ ಮೈಕ್ರೋಸಾಫ್ಟ್ 2023ರ ಸೆಪ್ಟೆಂಬರ್‌ನಲ್ಲೇ ಹೇಳಿದೆ. ಈಗಾಗಲೇ ಹಾಕಿಕೊಂಡಿರುವ ಡ್ರೈವರ್ ಇದರಿಂದ ನಿಲ್ಲುವುದಿಲ್ಲ, ಗಾಬರಿ ಬೇಡ. ಆದರೆ ಗಾಳಿ ಯಾವ ಕಡೆ ಬೀಸುತ್ತಿದೆ ಅಂತ ಗೊತ್ತಾಗುತ್ತದೆ ಅಲ್ವಾ? ಯುಎಸ್‌ಬಿ ಮಾತ್ರ ಇರುವ ಮಾಡೆಲಿಗೂ ವೈಫೈ ಇರುವುದಕ್ಕೂ ಇರುವ ಬೆಲೆಯ ವ್ಯತ್ಯಾಸ ನೋಡಿ ಹಿಂಜರಿಯಬೇಡಿ.

ನಮ್ಮಲ್ಲಿ ಇನ್ನೂ ಒಂದು ಕೆಲಸ ಬಾಕಿ ಇದೆ. ಮಾವನವರಿಗೆ ಲೀಗಲ್ ಸೈಜ್ ಕಾಗದ ಬೇಕು, ಉಳಿದವರಿಗೆಲ್ಲ ಎ4. ಟ್ರೇ ಒಂದೇ. ಕಪ್ಸ್‌ನಲ್ಲಿ ಒಂದೇ ಪ್ರಿಂಟರಿಗೆ ಎರಡು ಹೆಸರು ಕೊಡಬಹುದು, ಹಾಗಾಗಿ "ಪತ್ರ" ಅಂತ ಒಂದು, "ಮನೆ" ಅಂತ ಇನ್ನೊಂದು ಮಾಡಿ, ಕಾಗದದ ಅಳತೆಯನ್ನು ಬೇರೆ ಬೇರೆ ಇಟ್ಟಿದ್ದೇನೆ. ಟ್ರೇಯಲ್ಲಿ ಯಾವ ಕಾಗದ ಇದೆ ಅಂತ ನೋಡಿ ಪ್ರಿಂಟ್ ಕೊಡುವ ಅಭ್ಯಾಸ ಮಗನಿಗೆ ಇನ್ನೂ ಬಂದಿಲ್ಲ. ಮೊನ್ನೆಯೂ ಅವನ ವಿಜ್ಞಾನದ ಪ್ರಾಜೆಕ್ಟು ಅಜ್ಜನ ಬಾಂಡ್ ಪೇಪರಿನ ಮೇಲೆ ಬಂತು.